ಜನರಲ್ ರಜಿಸ್ಟರಿನಿಂದ ಸ್ನೇಹ ಸಮ್ಮಿಲನದವರೆಗೆ

28 ಜುಲೈ 2025, ಸೋಮವಾರ
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ

ನಿನ್ನೆ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ 1997ರ ಎಸ್ಸೆಸ್ಸೆಲ್ಸಿ ತಂಡದ ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ ನಡೆಯಿತು. ಇಂದು ನಾಗರ ಚೌತಿ. ಬೆಳಿಗ್ಗೆ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ತವರುಮನೆಯ ಪಡಸಾಲೆಯಲ್ಲಿ ಕುಳಿತು, ಈ ಕೆಲಸ ಹೇಗೆ ಸಾಗಿ ಬಂತು ಎಂಬುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಮ್ಮ ನಂತರದ ತಂಡದವರೂ ಇಂಥದೇ ಕಾರ್ಯಕ್ರಮದ ತಯಾರಿಯಲ್ಲಿದ್ದಾರೆಂದು ಕೇಳಿದ್ದೇನೆ. ಅವರಿಗೂ ಇದು ಉಪಯೋಗಕ್ಕೆ ಬರಲಿ.

ಸಹಪಾಠಿ ಎಂದು ಯಾರನ್ನು ಎಣಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು ಎಂದು ನನಗೆ ಆರಂಭದಿಂದಲೂ ಅನ್ನಿಸುತ್ತಿತ್ತು. ಇದಕ್ಕೆ ಮುಂಚೆ ಬೆಂಗಳೂರಿನಲ್ಲಿರುವ ನಮ್ಮ ಕೆಲವು ಗೆಳೆಯರು ಅಲ್ಲಿನ ಹೋಟೆಲೊಂದರಲ್ಲಿ ಸೇರಿ ಊಟ ಮಾಡಿ ಫೋಟೋ ಕಳುಹಿಸಿದ್ದರು. ಆ ಫೋಟೋದಲ್ಲಿದ್ದವರೆಲ್ಲರೂ ನನಗೆ ಪ್ರೀತಿಯವರೇ. ಆದರೆ ಅವರೆಲ್ಲರೂ ಎಸ್ಸೆಸ್ಸೆಲ್ಸಿ ಪಾಸಾಗಿ, ಕಾಲೇಜು ಮುಗಿಸಿ, ನೌಕರಿ ಹಿಡಿದವರು. ಒಬ್ಬಳನ್ನು ಬಿಟ್ಟರೆ ಎಲ್ಲರೂ ಗಂಡಸರು. ಎಂಟನೆಯ ತರಗತಿಯಲ್ಲಿ ನಮ್ಮೊಂದಿಗೆ ಚಾಪೆಯ ಮೇಲೆ ಕುಳಿತು ಪಾಠ ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಫೋಟೋದೊಳಗೆ ಬರುವ ದಾರಿಯೇ ಇರಲಿಲ್ಲ, ಏಕೆಂದರೆ ಫೋನ್ ನಂಬರು ಇದ್ದವರು ಫೋನ್ ನಂಬರು ಇದ್ದವರನ್ನಷ್ಟೇ ಕರೆದಿದ್ದರು.

ಹಾಗಾಗಿ ಈ ಸಲ ಪಟ್ಟಿಯನ್ನು ಮೊಬೈಲಿನಿಂದ ಶುರು ಮಾಡದೆ, ಶಾಲೆಗೆ ಸೇರಿದ ಪ್ರತಿ ಮಗುವಿನ ವಿವರ ಬರೆದಿಡುವ ಜನರಲ್ ರಜಿಸ್ಟರಿನಿಂದಲೇ ಶುರು ಮಾಡೋಣವೆಂದು ನಾನು ಒತ್ತಾಯಿಸಿದೆ. ಈಗಿನ ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸಿನವರು. ಫೋಟೋ ತೆಗೆಯಬಾರದು, ಜಾತಿ ಮತ್ತು ಜನ್ಮದಿನಾಂಕದ ಕಾಲಂಗಳನ್ನು ಬರೆದುಕೊಳ್ಳಬಾರದು, ಹೆಸರು ಮತ್ತು ಊರನ್ನು ಮಾತ್ರ ಬರೆದುಕೊಳ್ಳಬಹುದು ಎಂಬ ಷರತ್ತಿನ ಮೇಲೆ ಅವರು ತಮ್ಮ ಕೊಠಡಿಯಲ್ಲೇ ನಮ್ಮನ್ನು ಕೂರಿಸಿ ಆ ವಹಿಯನ್ನು ತೆರೆದು ಕೊಟ್ಟರು. ಷರತ್ತು ಸರಿಯಾದದ್ದೇ ಆಗಿತ್ತು. ಅಂಚು ಸವೆದು, ಹೊಲಿಗೆ ಬಿಚ್ಚಿಕೊಂಡು, ಬಟ್ಟೆಯ ಪಟ್ಟಿಯನ್ನು ಅಂಟಿಸಿಕೊಂಡಿದ್ದ ಆ ದಪ್ಪ ಪುಸ್ತಕದಲ್ಲಿ ಜೂನ್ 1994ರ ಪುಟಗಳನ್ನು ತಿರುವಿದಾಗ, ಹೆಸರುಗಳಿಗಿಂತ ಹೆಚ್ಚಾಗಿ ನನ್ನ ಕಣ್ಣು ನಿಂತದ್ದು ಬಲತುದಿಯ ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಂನಲ್ಲಿ. ‘ಮುಂದಿನ ವ್ಯಾಸಂಗಕ್ಕಾಗಿ’ ಎಂದು ನೀಲಿ ಶಾಯಿಯಲ್ಲಿ ಬರೆದ ಸಾಲುಗಳ ನಡುವೆ ‘ದೀರ್ಘ ಗೈರುಹಾಜರಿ’ ಎಂಬ ಎರಡೇ ಪದಗಳು ಮತ್ತೆ ಮತ್ತೆ ಬರುತ್ತಿದ್ದವು, ಮತ್ತು ಅಂಥ ಹೆಚ್ಚಿನ ಸಾಲುಗಳ ಎಡಬದಿಯಲ್ಲಿ ಹುಡುಗಿಯರ ಹೆಸರುಗಳಿದ್ದವು.

ಆ ಎರಡು ಪದಗಳ ಹಿಂದೆ ಏನಿತ್ತೆಂಬುದು ಬ್ಯಾಡಗಿ ಸೀಮೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಜನವರಿಯಿಂದ ಮೆಣಸಿನಕಾಯಿಯ ಸುಗ್ಗಿ. ಮಾರುಕಟ್ಟೆಗೆ ಚೀಲಗಳು ಬೆಟ್ಟದಂತೆ ಬಂದು ಬೀಳುವ ತಿಂಗಳುಗಳಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಹೋಗುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ ಸಿಗುವುದರಿಂದ ಆಗ ತಾಯಿಯೊಂದಿಗೆ ಮಗಳೂ ಕುಳಿತರೆ ಮನೆಗೆ ಅಷ್ಟು ಹೆಚ್ಚು ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುತ್ತಿದ್ದುದೂ ಅದೇ ಸುಗ್ಗಿಯ ಕೊನೆಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಈಗಲೂ ಪಡುತ್ತೇವೆ. ಆ ಕೆಂಪಿನ ಘಾಟಿನಲ್ಲಿ ಕುಳಿತು ಪರೀಕ್ಷೆ ತಪ್ಪಿಸಿಕೊಂಡ ನನ್ನ ಗೆಳತಿಯರಿಗೂ ಆ ಹೆಮ್ಮೆಯಲ್ಲಿ ಪಾಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಟ್ಟಿಯೇನೋ ಸಿದ್ಧವಾಯಿತು, ಹುಡುಕುವುದು ಬಾಕಿ ಇತ್ತು. ಗಂಡುಮಕ್ಕಳನ್ನು ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಅವರ ಮನೆ, ಹೊಲ, ಅಡ್ಡಹೆಸರು ಎಲ್ಲವೂ ಊರಿನಲ್ಲೇ ಉಳಿದಿರುತ್ತವೆ, ಅವರು ಗೋವಾದಲ್ಲಿರಲಿ ಪುಣೆಯಲ್ಲಿರಲಿ, ಮನೆಯವರು ಯಾರಾದರೊಬ್ಬರು ನಂಬರು ಕೊಡುತ್ತಾರೆ. ಹೆಣ್ಣುಮಕ್ಕಳ ವಿಷಯ ಬೇರೆ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗಿರುತ್ತದೆ, ಕೆಲವರಿಗೆ ಗಂಡನ ಮನೆಯಲ್ಲಿ ಹೆಸರನ್ನೇ ಬದಲಿಸಿ ಇಟ್ಟಿರುತ್ತಾರೆ, ಮನೆಯ ಮೊಬೈಲು ಗಂಡನ ಅಥವಾ ಮಗನ ಕೈಯಲ್ಲಿರುತ್ತದೆ. ಅಪರಿಚಿತ ಗಂಡಸೊಬ್ಬರು ಫೋನ್ ಮಾಡಿ ತಾನು ಅವಳ ಕ್ಲಾಸ್‌ಮೇಟ್ ಎಂದು ಹೇಳಿದರೆ ಆ ಮನೆಯಲ್ಲಿ ಅವಳಿಗೆ ಎದುರಾಗಬಹುದಾದ ಪ್ರಶ್ನೆಗಳನ್ನು ನಾವು ಊಹಿಸಬೇಕು. ಆದ್ದರಿಂದ ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಫೋನ್ ಮಾಡಬೇಕು, ಸಾಧ್ಯವಾದಲ್ಲಿ ಮನೆಗೇ ಹೋಗಿ ಅತ್ತೆ-ಮಾವನ ಎದುರಿನಲ್ಲೇ ಆಮಂತ್ರಣ ಕೊಡಬೇಕು ಎಂದು ನಿಯಮ ಮಾಡಿಕೊಂಡೆವು. ನಮ್ಮ ತಂಡದಲ್ಲಿ ಒಬ್ಬಳು ಅಂಗನವಾಡಿ ಕಾರ್ಯಕರ್ತೆ, ಇನ್ನೊಬ್ಬಳು ಆಶಾ ಕಾರ್ಯಕರ್ತೆ. ತಾಲ್ಲೂಕಿನ ತುಂಬ ಇರುವ ತಮ್ಮ ಸಹೋದ್ಯೋಗಿಗಳ ಮೂಲಕ ಅವರಿಬ್ಬರು ಹುಡುಕಿ ತೆಗೆದಷ್ಟು ಜನರನ್ನು ಯಾವ ಫೇಸ್‌ಬುಕ್ಕೂ ಹುಡುಕಿ ಕೊಡಲಿಲ್ಲ. ಅವರೊಂದಿಗೆ ಹೆಸರಿಸಬೇಕಾದ ಮತ್ತೊಬ್ಬ ಗೆಳೆಯನೆಂದರೆ ವಾಯವ್ಯ ಸಾರಿಗೆಯ ನಮ್ಮ ಕಂಡಕ್ಟರ್. ಹಿರೇಕೆರೂರು, ರಟ್ಟೀಹಳ್ಳಿ, ಹಾನಗಲ್ ಕಡೆಯ ಹಳ್ಳಿಗಳಿಗೆ ಮದುವೆಯಾಗಿ ಹೋದವರ ಸುದ್ದಿಯನ್ನು ಅವನು ತನ್ನ ಬಸ್ಸಿನ ಪ್ರಯಾಣಿಕರನ್ನೇ ಕೇಳಿ ತಂದುಕೊಟ್ಟ.

ದಿನ ನಿಗದಿ ಮಾಡುವಾಗ ದೊಡ್ಡ ಚರ್ಚೆಯೇ ಆಯಿತು. ಬೆಂಗಳೂರಿನವರಿಗೆ ಡಿಸೆಂಬರ್ ಕೊನೆಯ ವಾರ ಅನುಕೂಲ, ಏಕೆಂದರೆ ಆಗ ಅವರ ಮಕ್ಕಳಿಗೂ ರಜೆ. ಆದರೆ ಹೊಲವಿದ್ದವರಿಗೆ ಆಗ ಬಿಡುವಿರುವುದಿಲ್ಲ, ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಊರಿಗೆ ಬರಲು ಒಂದು ನೆಪವೂ ಇರುವುದಿಲ್ಲ. ನಮ್ಮ ಕಡೆ ಹೆಣ್ಣುಮಗಳು ಯಾರ ಅಪ್ಪಣೆಯನ್ನೂ ಬೇಡದೆ ತವರಿಗೆ ಬರುವ ಹಬ್ಬವೆಂದರೆ ನಾಗರ ಪಂಚಮಿ. ಅಣ್ಣ-ತಮ್ಮಂದಿರು ಕರೆಯಲು ಹೋಗುತ್ತಾರೆ, ಹೋಗದಿದ್ದರೆ ಅದು ದೊಡ್ಡ ಮಾತಾಗುತ್ತದೆ. ಈ ವರ್ಷ ಪಂಚಮಿ ಮಂಗಳವಾರ, ಚೌತಿ ಸೋಮವಾರ, ರೊಟ್ಟಿ ಹಬ್ಬ ಭಾನುವಾರ. ಭಾನುವಾರವಾದ್ದರಿಂದ ಶಾಲೆಯೂ ಖಾಲಿ. ದೂರದ ಊರಿನಲ್ಲಿರುವವರು ಒಂದೆರಡು ದಿನ ರಜೆ ಹಾಕಿಕೊಂಡರೆ ಹಬ್ಬವನ್ನೂ ಮುಗಿಸಿಕೊಂಡು ಹೋಗಬಹುದೆಂದು ನಾನು ವಾದಿಸಿದೆ, ಕೊನೆಗೆ ಎಲ್ಲರೂ ಒಪ್ಪಿದರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಸಿಕ್ಕಿರುವುದು ಕೂಡ ನಮಗೆ ಬಹಳ ನೆರವಾಯಿತು. ಬಸ್ಸಿನ ಖರ್ಚಿಗಾಗಿ ಮನೆಯಲ್ಲಿ ಕೈಯೊಡ್ಡಬೇಕಾಗಿದ್ದರೆ ಬರುತ್ತಿರಲಿಲ್ಲವೆಂದು ನಿನ್ನೆ ಒಬ್ಬಿಬ್ಬರು ನೇರವಾಗಿಯೇ ಹೇಳಿದರು.

ಹಣದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತಲಾ ಇಷ್ಟು ಎಂದು ನಿಗದಿ ಮಾಡಲಿಲ್ಲ. ಕೊಡಬಯಸಿದವರು ಇಬ್ಬರು ಖಜಾಂಚಿಗಳಲ್ಲಿ ಒಬ್ಬರಿಗೆ ಕೊಟ್ಟರು, ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಎಲ್ಲಿಯೂ ಹಾಕಲಿಲ್ಲ, ಒಟ್ಟು ಜಮೆ-ಖರ್ಚಿನ ಲೆಕ್ಕವನ್ನು ಮಾತ್ರ ಓದಿ ಹೇಳಿದೆವು. ‘ಸಾಧಕ ಸಹಪಾಠಿಗಳಿಗೆ ಸನ್ಮಾನ’ ಎಂಬ ಸಲಹೆಯೊಂದು ಬಂದಿತ್ತು, ಅದನ್ನು ಕೈಬಿಟ್ಟೆವು. ಶಾಲು, ಹಾರ, ಫಲತಾಂಬೂಲ ಎಲ್ಲವೂ ಗುರುಗಳಿಗೆ ಮಾತ್ರ ಸಲ್ಲಬೇಕು, ಸಹಪಾಠಿಗಳಲ್ಲಿ ಕೆಲವರನ್ನು ವೇದಿಕೆಗೆ ಹತ್ತಿಸಿದ ಕ್ಷಣವೇ ಉಳಿದವರು ಪ್ರೇಕ್ಷಕರಾಗಿಬಿಡುತ್ತಾರೆ ಎಂಬುದು ನನ್ನ ನಿಲುವಾಗಿತ್ತು. ರಾಜಕೀಯದವರನ್ನೂ ಕರೆಯಲಿಲ್ಲ.

ನಿನ್ನೆ ಬೆಳಗಿನಿಂದ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಅಂಗಳದ ಶಾಮಿಯಾನ ತೊಯ್ದು ಹೋದದ್ದರಿಂದ ಎಲ್ಲರೂ ಹಳೆಯ ಹತ್ತನೆಯ ತರಗತಿಯ ಕೊಠಡಿ ಮತ್ತು ಅದರ ಮುಂದಿನ ವರಾಂಡದಲ್ಲಿ ಒತ್ತೊತ್ತಾಗಿ ಕುಳಿತೆವು, ಅದೇ ಒಳ್ಳೆಯದಾಯಿತು. ನಿವೃತ್ತರಾದ ಗಣಿತದ ಸರ್, ಕನ್ನಡದ ಟೀಚರ್, ದೈಹಿಕ ಶಿಕ್ಷಕರು ಮತ್ತು ಆಗ ಗಂಟೆ ಬಾರಿಸುತ್ತಿದ್ದ ಜವಾನರು, ನಾಲ್ವರನ್ನೂ ಅವರವರ ಮನೆಯಿಂದ ಕಾರಿನಲ್ಲಿ ಕರೆತಂದೆವು. ಜವಾನರನ್ನು ಗುರುಗಳ ಸಾಲಿನಲ್ಲೇ ಕೂರಿಸಿದಾಗ ಅವರು ಮೊದಲು ಒಪ್ಪಲಿಲ್ಲ; ಕನ್ನಡದ ಟೀಚರ್ ಎದ್ದು ಅವರ ಕೈ ಹಿಡಿದು ಕೂರಿಸಿಕೊಂಡರು. ತೀರಿಕೊಂಡ ಗುರುಗಳನ್ನೂ ಗೆಳೆಯ-ಗೆಳತಿಯರನ್ನೂ ಹೆಸರು ಹೇಳಿ ನೆನೆದು ಒಂದು ನಿಮಿಷ ಎದ್ದು ನಿಂತೆವು.

ಆಮೇಲೆ ಗಣಿತದ ಸರ್ ಹಾಜರಿ ಕರೆದರು. ನಾವು ಜನರಲ್ ರಜಿಸ್ಟರಿನಿಂದ ಬರೆದುಕೊಂಡ ಪೂರ್ಣ ಪಟ್ಟಿಯನ್ನೇ ಅವರ ಕೈಗೆ ಕೊಟ್ಟಿದ್ದೆವು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಆಗಿನಂತೆಯೇ ಅಪ್ಪನ ಹೆಸರು ಮತ್ತು ಅಡ್ಡಹೆಸರಿನ ಸಮೇತ ಅವರು ಒಂದೊಂದನ್ನೇ ಓದುತ್ತಾ ಹೋದರು. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟು ಮೆಣಸಿನಕಾಯಿ ಕೆಲಸಕ್ಕೆ ಸೇರಿದ್ದ ಗೆಳತಿಯೊಬ್ಬಳ ಹೆಸರು ಬಂದಾಗ ವರಾಂಡದ ಮೂಲೆಯಿಂದ ‘ಹಾಜರ್ ಸರ್’ ಎಂಬ ಧ್ವನಿ ಬಂತು. ಅವಳು ತನ್ನನ್ನೂ ಕರೆಯುತ್ತಾರೆಂದು ಅಂದುಕೊಂಡಿರಲಿಲ್ಲವಂತೆ. ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದವಳು, ಸೀರೆಯ ಸೆರಗನ್ನು ಹೊದ್ದು ಬಾಗಿಲ ಬಳಿ ನಿಂತಿದ್ದಳು. ಸರ್ ಪಟ್ಟಿಯಿಂದ ತಲೆಯೆತ್ತಿ, ಒಳಗೆ ಬಂದು ಕುಳಿತುಕೊಳ್ಳುವಂತೆ ಹೇಳಿ, ಅವಳ ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು.

ಊಟದ ಹೊತ್ತಿಗೆ ಅಡುಗೆಯವರು ಮಾಡಿದ್ದ ಅನ್ನ-ಸಾರು ಅರ್ಧಕ್ಕರ್ಧ ಉಳಿಯಿತು. ರೊಟ್ಟಿ ಹಬ್ಬವಾದ್ದರಿಂದ ಹೆಣ್ಣುಮಕ್ಕಳೆಲ್ಲ ತವರಿನಿಂದ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಅಗಸೆ ಚಟ್ನಿ, ಶೇಂಗಾ ಉಂಡಿ, ತಂಬಿಟ್ಟು ಎಲ್ಲವನ್ನೂ ಬೆಂಚುಗಳ ಮೇಲೆ ಹರಡಿ ಹಂಚಿಕೊಂಡೆವು. ಯಾರೂ ಯಾರಿಗೂ ಈಗ ಏನು ಕೆಲಸ, ಎಷ್ಟು ಸಂಬಳ ಎಂದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಯಾರ ಮನೆಯ ರೊಟ್ಟಿ ತೆಳುವಾಗಿದೆ ಎಂಬುದೇ ಮಾತಾಗಿತ್ತು.

ಸೇರುವುದಕ್ಕಿಂತ ಸಂಪರ್ಕ ಉಳಿಸಿಕೊಳ್ಳುವುದು ದೀರ್ಘವಾದ ಕೆಲಸ. ವಾಟ್ಸಾಪ್ ಗುಂಪು ನಮ್ಮಲ್ಲಿ ಮೊದಲಿನಿಂದಲೂ ಇದೆ, ಆದರೆ ಬೆಳಗಿನ ಶುಭಾಶಯದ ಚಿತ್ರಗಳು ಮತ್ತು ಚುನಾವಣೆಯ ಜಗಳಗಳ ನಡುವೆ ಒಬ್ಬ ಗೆಳೆಯನ ತಂದೆ ತೀರಿಕೊಂಡ ಸುದ್ದಿ ಎರಡು ದಿನ ಯಾರ ಕಣ್ಣಿಗೂ ಬೀಳದೆ ಹೋದ ಮೇಲೆ ಅದರ ಬಗ್ಗೆ ನಾವು ಗಂಭೀರವಾಗಿ ಯೋಚಿಸಬೇಕಾಯಿತು. ಈಗ ಆ ಗುಂಪಿನಲ್ಲಿ ನಿರ್ವಾಹಕರು ಮಾತ್ರ ಸುದ್ದಿ ಹಾಕುತ್ತಾರೆ: ಸಾವು-ನೋವು, ಮದುವೆ, ರಕ್ತದ ಅಗತ್ಯ, ಆಸ್ಪತ್ರೆಗೆ ಸೇರಿದವರ ವಿಷಯ, ಅಷ್ಟೇ. ಹರಟೆಗೆ ಬೇರೆ ಗುಂಪಿದೆ. ಗುಂಡಿ ಒತ್ತುವ ಹಳೆಯ ಮೊಬೈಲ್ ಇರುವವರು ಮತ್ತು ಸ್ವಂತ ಮೊಬೈಲೇ ಇಲ್ಲದವರು ನಮ್ಮಲ್ಲಿ ಬಹಳ ಇದ್ದಾರೆ. ಅವರನ್ನು ಊರುವಾರು ಹಂಚಿಕೊಂಡು, ಗುಂಪಿನಲ್ಲಿರುವ ಒಬ್ಬೊಬ್ಬರು ಅಂಥ ಕೆಲವರಿಗೆ ಬಾಯಿಮಾತಿನಲ್ಲೇ ಸುದ್ದಿ ಮುಟ್ಟಿಸಬೇಕೆಂದು ಗೊತ್ತು ಮಾಡಿದ್ದೇವೆ. ಆ ಹಂಚಿಕೆಯ ಕಾಗದವನ್ನು ನಿನ್ನೆ ಎಲ್ಲರಿಗೂ ಕೊಟ್ಟೆವು. ನಮ್ಮ ತಂಡದವರಲ್ಲಿ ಬಹುಪಾಲು ಜನರ ದಾಖಲೆಯ ಜನ್ಮದಿನ ಜೂನ್ 1. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆ-ತಾಯಿಗೆ ತಾರೀಖು ಗೊತ್ತಿಲ್ಲದಿದ್ದಾಗ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ದಿನ ಅದು. ಹಾಗಾಗಿ ಪ್ರತಿ ವರ್ಷ ಜೂನ್ 1ರಂದು ಪ್ರತಿಯೊಬ್ಬರೂ ತಮ್ಮ ಪಾಲಿನವರಿಗೆ ಫೋನ್ ಮಾಡಿ ಅಥವಾ ಮನೆಗೆ ಹೋಗಿ ಮಾತನಾಡಿಸಬೇಕು, ನಂಬರು ಬದಲಾಗಿದ್ದರೆ ಆ ದಿನವೇ ತಿದ್ದಬೇಕು ಎಂದು ತೀರ್ಮಾನಿಸಿದೆವು. ನಮ್ಮಲ್ಲಿ ಬಹುಪಾಲು ಜನರ ಹುಟ್ಟುಹಬ್ಬ ಒಂದೇ ದಿನ ಬರುವುದು ಇಷ್ಟು ಉಪಯೋಗಕ್ಕೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ.

ಶಾಲೆಗೆ ಏನು ಕೊಡಬೇಕು ಎಂಬ ಮಾತು ಬಂದಾಗ ಸ್ವಾಗತ ಕಮಾನು ಕಟ್ಟಿಸಿ ನಮ್ಮ ತಂಡದ ಹೆಸರು ಬರೆಸೋಣವೆಂದು ಕೆಲವರು ಹೇಳಿದರು. ಆಗ ಮಾತನಾಡಿದವಳು ಬಾಗಿಲ ಬಳಿ ನಿಂತಿದ್ದ ಆ ಗೆಳತಿಯೇ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುತ್ತಾರೆ, ಮೊದಲನೆಯದರಲ್ಲಿ ಫೇಲಾದವರು ಅದೇ ವರ್ಷ ಮತ್ತೆ ಬರೆಯಬಹುದು, ಆದರೆ ಫೇಲಾದ ಹುಡುಗಿಯರು ನಾಚಿಕೆಯಿಂದ ಶಾಲೆಯ ಕಡೆ ತಲೆ ಹಾಕದೆ ಕೂಲಿಗೆ ಹೋಗಿಬಿಡುತ್ತಾರೆ, ಅಂಥವರ ಮನೆಗೆ ಹೋಗಿ ಅರ್ಜಿ ತುಂಬಿಸಿ ಪರೀಕ್ಷೆಗೆ ಕೂರಿಸುವ ಕೆಲಸವನ್ನು ನಾವೇ ಏಕೆ ಮಾಡಬಾರದು ಎಂದು ಅವಳು ಕೇಳಿದಳು. ಅವಳ ಓಣಿಯಲ್ಲೇ ಈ ವರ್ಷ ಅಂಥವರು ಇಬ್ಬರಿದ್ದಾರಂತೆ. ಕಮಾನಿನ ಮಾತು ಅಲ್ಲಿಗೇ ನಿಂತಿತು. ಉಳಿದ ಹಣವನ್ನು ಮುಂದಿನ ವರ್ಷದ ಪರೀಕ್ಷಾ ಶುಲ್ಕ ಮತ್ತು ಪಾಠ ಹೇಳಿಕೊಡುವ ಏರ್ಪಾಟಿಗೆ ಮೀಸಲಿಡಲಾಗಿದೆ. ಗಣಿತವನ್ನು ಸರ್ ತಾವೇ ಹೇಳಿಕೊಡುವುದಾಗಿ ಒಪ್ಪಿದ್ದಾರೆ.

ಪಟ್ಟಿಯಲ್ಲಿ ಸಿಗದೆ ಉಳಿದವರು ಇನ್ನೂ ಇದ್ದಾರೆ. ಅವರಲ್ಲಿ ಇಬ್ಬರು ಗೋವಾದ ವಾಸ್ಕೋ ಕಡೆ ಕಟ್ಟಡದ ಕೆಲಸದಲ್ಲಿದ್ದಾರೆಂದು ನಿನ್ನೆ ತಿಳಿಯಿತು, ಮತ್ತೊಬ್ಬಳು ರಾಣೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿ ಬೇರೆ ಹೆಸರಿನಿಂದ ಇದ್ದಾಳಂತೆ. ಪಂಚಮಿ ಮುಗಿಸಿ ಬುಧವಾರ ನಾನು ಹುಬ್ಬಳ್ಳಿಗೆ ಹೊರಡುವ ಮೊದಲು ಆಶಾ ಕಾರ್ಯಕರ್ತೆಯಾದ ಗೆಳತಿಯೊಂದಿಗೆ ಆ ಹಳ್ಳಿಗೆ ಹೋಗಿ ಬರುವುದೆಂದು ಮಾತಾಗಿದೆ. ಕಂಡಕ್ಟರ್ ಗೆಳೆಯ ಬಸ್ಸಿನ ವೇಳೆಯನ್ನು ಆಗಲೇ ಬರೆದುಕೊಟ್ಟಿದ್ದಾನೆ.