ಊರಿನ ಡಾಲ್ಫಿನ್‌ಗಳಿಗೆ ಹೆಸರಿಲ್ವಾ?

ತಿಮಿಂಗಿಲ ತೋರಿಸುತ್ತೇವೆ ಅಂತ ಕರೆದುಕೊಂಡು ಹೋದವರು, ತಿಮಿಂಗಿಲ ಕಂಡ ಕೂಡಲೇ ದೋಣಿ ತಿರುಗಿಸಿಬಿಟ್ಟರು. ಹೋದ ತಿಂಗಳಿನ ಮಾತು. ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಸಿಯಾಟಲ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಅನಕೊರ್ಟಿಸ್ ಅಂತ ಒಂದು ಬಂದರು. ಅದರಾಚೆ ಸ್ಯಾನ್ ವಾನ್ ದ್ವೀಪಗಳು, ಅದಕ್ಕೂ ಆಚೆ ಹ್ಯಾರೊ ಜಲಸಂಧಿ. ಎದುರಿಗೆ ಕಾಣುವ ದಡ ಕೆನಡಾದ್ದು. ಅಮ್ಮ ಊರಿಂದ ಬಂದಿದ್ದಳು. ದೊಡ್ಡ ಹಡಗಿನಲ್ಲಿ ನೂರು ಜನರ ಹಿಂದೆ ನಿಂತು ಇಣುಕುವುದು ಬೇಡ ಅಂತ ಆರೇ ಜನರನ್ನು ಕೂರಿಸಿಕೊಳ್ಳುವ ಸಣ್ಣ ದೋಣಿ ಗೊತ್ತು ಮಾಡಿದ್ದೆವು. ನಾವು ನಾಲ್ವರು, ಜೊತೆಗೆ ವಿಡ್‌ಬಿ ದ್ವೀಪದ ವಯಸ್ಸಾದ ಗಂಡ ಹೆಂಡತಿ. ದೋಣಿ ನಡೆಸುವವಳು ಮೂವತ್ತರ ಆಸುಪಾಸಿನ ಹೆಂಗಸು.

ಅಮ್ಮ ಗೋಕರ್ಣದ ಹತ್ತಿರದ ತದಡಿಯ ಮೀನುಗಾರರ ಮನೆ ಮಗಳು. ಸೀರೆಯ ಮೇಲೆ ದೋಣಿಯವರು ಕೊಟ್ಟ ಕೆಂಪು ಕೋಟು ತೊಟ್ಟು, ಯಾರ ಕೈಯನ್ನೂ ಹಿಡಿಯದೆ, ಸೀದಾ ಹೋಗಿ ಮುಂದೆ ಕೂತಳು. ನೀರು ಅಲುಗಾಡದೆ ಮಲಗಿತ್ತು. "ಇದೆಂತಾ ಸಮುದ್ರ ಮಾರಾಯ್ತಿ, ಹೊಳೆ ಇದ್ದಂಗೆ ಇದೆ" ಅಂದಳು.

ದ್ವೀಪದ ಪಶ್ಚಿಮಕ್ಕೆ ಬಂದಾಗ ದೂರದಲ್ಲಿ ನೀರಿನಿಂದ ಬಿಳಿ ಹೊಗೆಯಂಥದ್ದು ಎದ್ದಿತು. ಒಂದು, ಆಮೇಲೆ ಎರಡು, ಮೂರು. ದುರ್ಬೀನು ಕಣ್ಣಿಗಿಟ್ಟರೆ ಎತ್ತರದ ಕಪ್ಪು ರೆಕ್ಕೆಗಳು. ಓರ್ಕಾಗಳು! ಮಗಳು ಕೂಗಿಕೊಂಡಳು. ಕಿಲ್ಲರ್ ವೇಲ್ ಅಂತಾರಲ್ಲ, ಅವೇ. ಕ್ಯಾಪ್ಟನ್ ಒಂದು ಗಳಿಗೆ ನೋಡಿದಳು, ರೇಡಿಯೋದಲ್ಲಿ ಏನೋ ಮಾತಾಡಿದಳು, ನಮ್ಮ ಕಡೆ ತಿರುಗಿ "ಇವು ಜೆ ಗುಂಪಿನವು. ನಾವು ಇಲ್ಲಿಂದ ಹೋಗಬೇಕು" ಅಂದಳು. ನಿಧಾನಕ್ಕೆ ದೋಣಿ ತಿರುಗಿತು.

ತಲೆಗೆ ನೂರು ಡಾಲರಿಗಿಂತ ಜಾಸ್ತಿ ಕೊಟ್ಟು ಬಂದವರು ನಾವು. ಯಾರಾದರೂ ಗೊಣಗುತ್ತಾರೆ ಅಂತ ನಾನು ಕಾದೆ. ಯಾರೂ ಗೊಣಗಲಿಲ್ಲ. ವಿಡ್‌ಬಿಯ ಆ ಹಿರಿಯರು ಟೋಪಿ ತೆಗೆದು, ಅವು ಕಾಣದಾಗುವವರೆಗೆ ಆ ಕಡೆಗೇ ನೋಡುತ್ತಾ ನಿಂತರು.

ಈ ಕಡಲಿನಲ್ಲಿ ಎರಡು ಬಗೆಯ ಓರ್ಕಾಗಳಿವೆ. ಒಂದು ಬಗೆ ಸೀಲ್‌ಗಳನ್ನು ಬೇಟೆಯಾಡುತ್ತದೆ. ಅವುಗಳ ಸಂಖ್ಯೆ ಹೆಚ್ಚುತ್ತಿದೆ. ಇನ್ನೊಂದು ಬರೀ ಮೀನು ತಿನ್ನುವ ಬಗೆ. ಅದರಲ್ಲೂ ಶಿನೂಕ್ ಅನ್ನುವ ದೊಡ್ಡ ಸಾಲ್ಮನ್ ಮೀನೇ ಅವಕ್ಕೆ ಬೇಕು. ಜೆ, ಕೆ, ಎಲ್ ಅಂತ ಮೂರು ಗುಂಪು. ಮೂರೂ ಸೇರಿದರೂ 75ರ ಆಚೀಚೆ. 2005ರಲ್ಲೇ ಅಮೆರಿಕ ಇವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಮಸುಕು ನೀರಿನಲ್ಲಿ ಅವು ಮೀನು ಹುಡುಕುವುದು ಶಬ್ದದಿಂದ. ತಾವು ಮಾಡಿದ ಸದ್ದು ಮೀನಿಗೆ ತಾಗಿ ಹಿಂದೆ ಬರಬೇಕು. ಪಕ್ಕದಲ್ಲಿ ಎಂಜಿನ್ ಗುಡುಗುಡು ಅನ್ನುತ್ತಿದ್ದರೆ ಅದು ಕೇಳುವುದಿಲ್ಲ. ದೋಣಿ ಹತ್ತಿರ ಬಂದರೆ ಹೆಣ್ಣು ಓರ್ಕಾಗಳು ಬೇಟೆಯನ್ನೇ ಬಿಟ್ಟುಬಿಡುತ್ತವಂತೆ. ಅದಕ್ಕೇ 2025ರಿಂದ ವಾಷಿಂಗ್ಟನ್ ರಾಜ್ಯದ ಕಾನೂನು: ಈ ಮೂರು ಗುಂಪುಗಳಿಂದ ಯಾವ ದೋಣಿಯಾದರೂ ಸಾವಿರ ಗಜ ದೂರ ಇರಬೇಕು. ಪ್ರವಾಸಿ ದೋಣಿ, ಸ್ವಂತ ದೋಣಿ ಅನ್ನುವ ಭೇದ ಇಲ್ಲ.

ಕ್ಯಾಪ್ಟನ್ ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ, ಬಲಗಡೆ ಸುಮಾರು ನೂರಿಪ್ಪತ್ತು ಗಜ ದೂರದಲ್ಲಿ ಬಸ್ಸಿನ ಬ್ರೇಕು ಬಿಟ್ಟ ಹಾಗೆ ಭುಸ್ ಅಂತ ಸದ್ದಾಯಿತು. ಹಂಪ್‌ಬ್ಯಾಕ್ ತಿಮಿಂಗಿಲ. ಇದನ್ನು ನೂರು ಗಜದಾಚೆಯಿಂದ ನೋಡಬಹುದು. ಎಂಜಿನ್ ನಿಂತಿತು. ಆ ಮೌನದಲ್ಲಿ ಅದರ ಉಸಿರು ಮಾತ್ರ ಕೇಳುತ್ತಿತ್ತು. ಗಾಳಿ ನಮ್ಮ ಕಡೆಗಿತ್ತು. ಉಸಿರಿನ ತುಂತುರು ಮುಖಕ್ಕೆ ತಾಗಿದ ಹಾಗಾಯಿತು, ಅದರ ಹಿಂದೆಯೇ ಕೊಳೆತ ಮೀನಿನ ನಾತ. ನಾವೆಲ್ಲ ಮೂಗು ಮುಚ್ಚಿದೆವು. ಅಮ್ಮ ಮುಚ್ಚಲಿಲ್ಲ. ತಲೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗುಬಟೆಗಳು, ಪ್ರತಿಯೊಂದರಲ್ಲೂ ಒಂದು ಕೂದಲಂತೆ. ಅದು ಬೆನ್ನು ಬಗ್ಗಿಸಿತು, ಬಾಲ ಮೇಲೆ ಬಂತು, ಅಂಚಿನಿಂದ ನೀರು ಪರದೆಯಾಗಿ ಸುರಿಯಿತು. ಬಾಲದ ಕೆಳಗಡೆ ಬಿಳಿ ಕಪ್ಪು ಮಚ್ಚೆ. ಆ ಮಚ್ಚೆ ಒಂದರದ್ದು ಇನ್ನೊಂದಕ್ಕಿಲ್ಲ. ಅದರಿಂದಲೇ ಗುರುತು.

ಒಂದು ಕಾಲದಲ್ಲಿ ಇಲ್ಲಿ ಹಂಪ್‌ಬ್ಯಾಕ್‌ಗಳೇ ಇರಲಿಲ್ಲ. ಎಣ್ಣೆಗೆ, ಮಾಂಸಕ್ಕೆ ಬೇಟೆಯಾಡಿ ಮುಗಿಸಿದ್ದರು. ಹಲವು ದಶಕಗಳ ನಂತರ 1997ರಲ್ಲಿ ಒಂದು ಹೆಣ್ಣು ಮತ್ತೆ ಈ ನೀರಿಗೆ ಬಂತು. ಜನ ಅದಕ್ಕೆ ಬಿಗ್ ಮಾಮಾ ಅಂತ ಹೆಸರಿಟ್ಟರು. ಆಮೇಲೆ ಅವಳು ಮರಿಗಳನ್ನೂ, ಮರಿಗಳು ತಮ್ಮ ಮರಿಗಳನ್ನೂ ಕರೆತಂದವು. ಚಳಿಗಾಲಕ್ಕೆ ಹವಾಯಿ, ಬೇಸಿಗೆಗೆ ಇಲ್ಲಿ.

ವಾಪಸ್ ಬರುವಾಗ ಕ್ಯಾಪ್ಟನ್ ಮಗಳ ಕೈಗೆ ಒಂದು ಫೋಟೋ ಪುಸ್ತಕ ಕೊಟ್ಟಳು. ನಾವು ಬಿಟ್ಟು ಬಂದ ಓರ್ಕಾಗಳ ವಂಶಾವಳಿ ಅದು. ಬೆನ್ನ ರೆಕ್ಕೆಯ ಹಿಂದಿನ ಬೂದು ಮಚ್ಚೆ ನೋಡಿ ಒಂದೊಂದನ್ನೂ ಗುರುತಿಸುತ್ತಾರೆ. ಯಾರ ಅಮ್ಮ ಯಾರು, ಅಜ್ಜಿ ಯಾರು, ಎಲ್ಲ ಇದೆ. ಗಂಡು ಹೆಣ್ಣು ಎರಡೂ ಬದುಕಿಡೀ ಅಮ್ಮನ ಜೊತೆಯಲ್ಲೇ ಇರುತ್ತವೆ. ಅವುಗಳಲ್ಲಿ ಒಬ್ಬಳು ಜೆ 35, ಹೆಸರು ಟಾಲೆಕ್ವಾ. 2018ರಲ್ಲಿ ಅವಳ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತಿತು. ಆ ಹೆಣವನ್ನು ಮೂತಿಯ ಮೇಲೆ ಹೊತ್ತು 17 ದಿನ, ಸುಮಾರು ಸಾವಿರ ಮೈಲಿ ಈಜಿದಳು. 2024 ಮುಗಿದು 2025 ಶುರುವಾಗುವ ಹೊತ್ತಿಗೆ ಇನ್ನೊಂದು ಹೆಣ್ಣು ಮರಿ ಹೋಯಿತು. ಅದನ್ನೂ ಹೊತ್ತು ತಿರುಗಿದಳು.

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಕೇಳಿದ್ದು ಒಂದೇ ಮಾತು: "ಈಗ ಅವ್ಳಿಗೆ ಮಕ್ಳು ಇದ್ದಾವೆ ಅಲ್ದಾ?"

ಇದ್ದಾರೆ. ಇಬ್ಬರು ಗಂಡು ಮಕ್ಕಳು. ಚಿಕ್ಕವನು 2020ರಲ್ಲಿ ಹುಟ್ಟಿದವನು. ಅದನ್ನು ಕೇಳಿ ಅಮ್ಮ ಹಗುರಾದಳು.

ಆಗ ಇಷ್ಟು ಹೊತ್ತು ಸುಮ್ಮನಿದ್ದ ವಿಡ್‌ಬಿಯ ಅಜ್ಜಿ ಮಾತಾಡಿದರು. 1970ರ ಆಗಸ್ಟ್‌ನಲ್ಲಿ ಅವರು ಶಾಲೆಗೆ ಹೋಗುವ ಹುಡುಗಿ. ಅವರ ಮನೆ ಹತ್ತಿರದ ಪೆನ್ ಕೋವ್ ಎಂಬ ಕೊಲ್ಲಿಗೆ ವೇಗದ ದೋಣಿ, ವಿಮಾನ, ಸಿಡಿಮದ್ದು ಎಲ್ಲ ಬಳಸಿ ಎಂಬತ್ತಕ್ಕೂ ಹೆಚ್ಚು ಓರ್ಕಾಗಳನ್ನು ಅಟ್ಟಿ ತಂದರು. ಬಲೆ ಹಾಕಿ ಮರಿಗಳನ್ನು ಬೇರೆ ಮಾಡಿ ಪ್ರದರ್ಶನದ ಕೊಳಗಳಿಗೆ ಮಾರಿದರು. ಬಲೆಗೆ ಸಿಕ್ಕಿ ಕೆಲವು ಮರಿಗಳು ಸತ್ತವು. "ದೊಡ್ಡವು ಬಲೆಯ ಆಚೆ ನಿಂತು ಕೂಗುತ್ತಿದ್ದವು. ಕಿಟಕಿ ಹಾಕಿಕೊಂಡರೂ ಕೇಳುತ್ತಿತ್ತು. ನಮ್ಮಪ್ಪ ನೋಡಲಿಕ್ಕೆ ಹೋಗಿದ್ದರು, ಊರೇ ಹೋಗಿತ್ತು" ಅಂದರು. ಅವತ್ತು ಹಿಡಿದ ಮರಿಗಳಲ್ಲಿ ಒಂದು ಟೋಕಿಟೇ. ಐವತ್ತು ವರ್ಷಕ್ಕೂ ಜಾಸ್ತಿ ಮಯಾಮಿಯ ಸಣ್ಣ ಕೊಳದಲ್ಲಿದ್ದು 2023ರ ಆಗಸ್ಟ್‌ನಲ್ಲಿ ಸತ್ತಳು.

ಅಂದರೆ ಇಲ್ಲಿಯವರೂ ಹುಟ್ಟಾ ಒಳ್ಳೆಯವರೇನಲ್ಲ. ಮೀನು ಕದಿಯುತ್ತವೆ ಅಂತ ಓರ್ಕಾಗಳಿಗೆ ಗುಂಡು ಹೊಡೆಯುತ್ತಿದ್ದ ಜನ. ಬದಲಾದದ್ದು ಲೆಕ್ಕ ಹಾಕಿದ ಮೇಲೆ. ಎಪ್ಪತ್ತರ ದಶಕದಲ್ಲಿ ಕೆನಡಾದ ಮೈಕಲ್ ಬಿಗ್ ಎಂಬ ವಿಜ್ಞಾನಿ ಫೋಟೋ ತೆಗೆದು ಒಂದೊಂದನ್ನೇ ಗುರುತಿಸಿದರು. ಸಾವಿರಾರು ಇರಬಹುದು ಅಂದುಕೊಂಡದ್ದು ಕೆಲವೇ ನೂರು ಅಂತ ಗೊತ್ತಾಯಿತು. 1976ರಿಂದ ಕೆನ್ ಬಾಲ್ಕಂ ಎಂಬ ಸಂಶೋಧಕ ಈ ದ್ವೀಪಗಳಲ್ಲೇ ಉಳಿದು ಪ್ರತಿ ವರ್ಷ ಎಣಿಸಿದರು. ಅದೇ ವರ್ಷ ಈ ರಾಜ್ಯದಲ್ಲಿ ಹಿಡಿಯುವುದು ನಿಂತಿತು. ಸಂಖ್ಯೆ ಗೊತ್ತಾಯಿತು, ಹೆಸರು ಗೊತ್ತಾಯಿತು, ಆಮೇಲೆ ಗುಂಡು ಹೊಡೆಯುವ ಕೈ ಏಳಲಿಲ್ಲ.

ಮಗಳು ಪುಸ್ತಕ ಮುಚ್ಚಿದಳು. "ಅಮ್ಮಾ, ಊರಿನ ಡಾಲ್ಫಿನ್‌ಗಳಿಗೆ ಹೆಸರಿಲ್ವಾ?"

ಓರ್ಕಾ ಕೂಡ ಡಾಲ್ಫಿನ್ ಜಾತಿಯದ್ದೇ, ಆ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡದು, ಅಂತ ಆಗಷ್ಟೇ ಕೇಳಿದ್ದಳು. ಅವಳಿಗೆ ನೆನಪಾದದ್ದು ಗೋಕರ್ಣದ ಓಂ ಬೀಚ್. ಹಿಂದಿನ ಸಲ ಊರಿಗೆ ಹೋದಾಗ ಡಾಲ್ಫಿನ್ ನೋಡಲು ಹೋಗಿದ್ದೆವು. ಬಂಡೆಗಳ ಆಚೆ ಒಂದು ಬೂದು ಬೆನ್ನು ಎದ್ದಿತು. ಗೂನು ಬೆನ್ನಿನ ಡಾಲ್ಫಿನ್, ಕಾರವಾರದ ಕಾಳಿ ಅಳಿವೆಯಿಂದ ಹಿಡಿದು ನಮ್ಮ ದಡದುದ್ದಕ್ಕೂ ಇರುವಂಥದ್ದು. ಒಂದು ದೋಣಿ ಹೋಯಿತು. ಇನ್ನೊಂದು ಆ ಕಡೆಯಿಂದ ಬಂತು. ಮತ್ತೊಂದು. ಶಿಳ್ಳೆ, ಕೇಕೆ, ಮೊಬೈಲು. ಅದು ಮುಳುಗಿದ ಕಡೆಗೆಲ್ಲ ಎಂಜಿನ್ ತಿರುಗುತ್ತಿತ್ತು. ಬೆನ್ನಿನ ಪಕ್ಕದಲ್ಲಿ ಪುಟ್ಟದೊಂದು ಬೆನ್ನೂ ಎದ್ದದ್ದನ್ನು ಮಗಳು ನೋಡಿದ್ದಳು. "ಆ ಬೇಬಿಗೂ ಹೆಸರಿಲ್ವಾ?" ಅಂತ ಮತ್ತೆ ಕೇಳಿದಳು.

ನನಗೆ ಗಂಟಲು ಕಟ್ಟಿತು. ಉತ್ತರ ಕೊಟ್ಟವಳು ಅಮ್ಮ.

"ಇರ್ಲಿಲ್ಲ ಅಂತ ಯಾರು ಹೇಳಿದ್ದು? ನನ್ನ ಅಪ್ಪಂಗೆ ಗೊತ್ತಿತ್ತು. ರೆಕ್ಕೆ ಹರಿದದ್ದೊಂದಿತ್ತು, ಅಳಿವೆ ಬಾಯಿಗೆ ದಿನಾ ಬರ್ತಿತ್ತು. ಅಪ್ಪ ಅದ್ನ ಮುರುಕಿ ಅಂತಿದ್ದ. ಮುರುಕಿ ಬಂತು, ಇವತ್ತು ಬಂಗಡೆ ಇದೆ, ಅಂತಿದ್ದ. ಬಲೆ ಹರೀತು ಅಂತ ಬೈತಿದ್ದ. ಆದ್ರೆ ಅದ್ರ ಪಾಲು ಅದಕ್ಕೆ, ಹೊಡೀಬಾರ್ದು ಅಂತಿದ್ದ."

ಇದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿರಲೇ ಇಲ್ಲ. ಅಜ್ಜ ಪಾತಿ ದೋಣಿಯವರು. ಊರೆಲ್ಲ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದ ಕಾಲದವರು. ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದವು, ರಂಪಣಿ ಮೂಲೆ ಸೇರಿತು. ದಡದಲ್ಲಿ ಕೂತು ಗಂಟೆಗಟ್ಟಲೆ ನೀರು ನೋಡುವ ಕಣ್ಣುಗಳೂ ಹೋದವು. ಇಲ್ಲಿ ಬಾಲ್ಕಂ ಎಣಿಸಲು ಶುರು ಮಾಡಿದ ಹೊತ್ತಿಗೆ ತದಡಿಯಲ್ಲಿ ಎಣಿಸದೆಯೂ ಬಲ್ಲವರಿದ್ದರು. ಅದನ್ನು ಯಾರೂ ಬರೆದಿಡಲಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ವಿಭಾಗ ಇದೆ, ನಮ್ಮ ದಡದ ಡಾಲ್ಫಿನ್‌ಗಳ ಬಗ್ಗೆ ಓದಿ ಬರೆದವರಿದ್ದಾರೆ. ಆದರೆ ಓಂ ಬೀಚಿನಲ್ಲಿ ದೋಣಿ ಹತ್ತುವವನ ಕೈಗೆ ಅದರ ಒಂದು ಹಾಳೆಯೂ ಬರುವುದಿಲ್ಲ.

ಇನ್ನೊಂದು ವಿಷಯವೂ ನನ್ನನ್ನು ಕಾಡುತ್ತಿದೆ. ಓರ್ಕಾಗಳಿಗೆ ಹೊಟ್ಟೆಗಿಲ್ಲದಿರಲು ಮುಖ್ಯ ಕಾರಣ ಸಾಲ್ಮನ್ ಕಡಿಮೆಯಾದದ್ದು, ಸಾಲ್ಮನ್ ಕಡಿಮೆಯಾಗಲು ಒಂದು ದೊಡ್ಡ ಕಾರಣ ಅಣೆಕಟ್ಟುಗಳು. ಸಾಲ್ಮನ್‌ಗಳು ಹೊಳೆಯಲ್ಲಿ ಮೇಲೆ ಹೋಗಿಯೇ ಮೊಟ್ಟೆ ಇಡಬೇಕು. ಇಲ್ಲೇ ಹತ್ತಿರದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಒಡೆದು ತೆಗೆದರು. ಕಟ್ಟಿದ್ದನ್ನು ಖರ್ಚು ಮಾಡಿ ಒಡೆದರು! ನಮ್ಮ ಅಘನಾಶಿನಿಗೆ ಇನ್ನೂ ಒಂದೇ ಒಂದು ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಕಡೆಯಿಂದ ಹೊರಟು ಉಂಚಳ್ಳಿಯಲ್ಲಿ ಧುಮುಕಿ ತದಡಿಯವರೆಗೆ ಬಿಡುಬೀಸಾಗಿ ಹರಿಯುತ್ತದೆ. ಆ ಅಳಿವೆಯ ಚಿಪ್ಪಿ, ಸೀಗಡಿ, ಮೀನು ನಂಬಿ ಎಷ್ಟು ಮನೆಗಳಿವೆ. ಅಂಥ ನದಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆ ಓದಿದಾಗೆಲ್ಲ ಎದೆ ಉರಿಯುತ್ತದೆ. ಇವರು ಕಳೆದುಕೊಂಡು ಹುಡುಕುತ್ತಿರುವುದು ನಮ್ಮಲ್ಲಿ ಇನ್ನೂ ಇದೆ ಅಲ್ವಾ?

ಆ ರಾತ್ರಿಯೇ ಅಮ್ಮ ತನ್ನ ತಮ್ಮನಿಗೆ ಫೋನ್ ಮಾಡಿದಳು. ಮಾವ ಈಗ ಮೀನಿಗೆ ಹೋಗುವುದಿಲ್ಲ, ಪ್ರವಾಸಿಗರ ದೋಣಿ ನಡೆಸುತ್ತಾನೆ. ಮುರುಕಿ ನೆನಪಿದೆಯಾ ಅಂದರೆ, ನೆನಪಿಲ್ಲದೆ ಏನು, ಅದರ ಹಿಂದೆ ಯಾವಾಗಲೂ ಇನ್ನೆರಡು ಬರುತ್ತಿದ್ದವು ಅಂದ. ಈಗಲೂ ಎರಡು ಮೂರರ ಗುರುತು ಅವನಿಗಿದೆಯಂತೆ. ಒಂದಕ್ಕೆ ಬೆನ್ನ ಮೇಲೆ ಬಿಳಿ ಗಾಯ.

ಮಗಳು ಫೋನ್ ಕಸಿದುಕೊಂಡು, ತನಗೆ ಬರುವ ಕನ್ನಡದಲ್ಲಿ ಸಾವಿರ ಗಜದ ಕಾನೂನು ಹೇಳಿದಳು. ಮಾವ ಪೂರ್ತಿ ಕೇಳಿಸಿಕೊಂಡ. ಆಮೇಲೆ ನನಗೆ ಹೇಳಿದ್ದು ಹೀಗೆ: "ನಂಗೂ ಅಟ್ಟಿಸ್ಕಂಡು ಹೋಗೋದು ಇಷ್ಟ ಇಲ್ಲ. ಅರ್ಧ ಗಂಟೆಗೆ ಅಂತ ಬರ್ತಾರೆ. ಹತ್ರ ತೋರಿಸ್ಲಿಲ್ಲ ಅಂದ್ರೆ ದುಡ್ಡು ಕೊಡೂಕೆ ಜಗಳ. ಪಕ್ಕದ ದೋಣಿಯವ ತೋರಿಸ್ತಾನೆ ಅಂತಾರೆ. ಎಂಜಿನ್ ಬಂದ್ ಮಾಡು, ದೂರದಿಂದ್ಲೇ ನೋಡ್ತೇವೆ ಅಂತ ಇವತ್ತಿನವರೆಗೆ ಒಬ್ರೂ ಹೇಳ್ಲಿಲ್ಲ."

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇವೆ. ಅರ್ಧ ದಿನಕ್ಕೆ ಮಾವನ ದೋಣಿ ಬೇಕು ಅಂತ ಹೇಳಿಟ್ಟಿದ್ದೇನೆ, ಪೂರ್ತಿ ಬಾಡಿಗೆಗೆ. ಬೆನ್ನ ಮೇಲೆ ಬಿಳಿ ಗಾಯ ಇರುವುದಕ್ಕೆ ಹೆಸರಿಡುವ ಹಕ್ಕು ತನ್ನದು ಅಂತ ಮಗಳು, ಇಲ್ಲ, ಅದು ಮಾವನದ್ದು ಅಂತ ಅಮ್ಮ. ಇನ್ನೂ ತೀರ್ಮಾನ ಆಗಿಲ್ಲ.