80ರ ವೇಗ, 110ರ ಗಾಳಿ: ಬೆಂಗಳೂರಿನಿಂದ ಗೋಕರ್ಣಕ್ಕೆ ಎರಡು ಕ್ರೂಸರ್

ಬೆಂಗಳೂರಿನಿಂದ ಗೋಕರ್ಣಕ್ಕೆ ಹೋಗಲು ಇದಕ್ಕಿಂತ ಹತ್ತಿರದ ದಾರಿಗಳಿವೆ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಸುತ್ತಿ ಹೋಗುವುದು ಸುಮ್ಮನೆ ದೂರ ಎನ್ನುವವರೂ ಇದ್ದಾರೆ. ಆದರೆ ದೂರಪ್ರಯಾಣದ ಕ್ರೂಸರ್ ಬೈಕಿಗೆ ಗಾಳಿ ತಡೆಯಲು ವಿಂಡ್‌ಶೀಲ್ಡ್ (ಎದುರಿನ ಪಾರದರ್ಶಕ ಫಲಕ) ಹಾಕಿಸಬೇಕೋ ಫೇರಿಂಗ್ (ಬೈಕಿನ ಮುಂಭಾಗ ಮುಚ್ಚುವ ಕವಚ) ಕೂರಿಸಬೇಕೋ ಎಂದು ತೀರ್ಮಾನಿಸಬೇಕಾದರೆ ಇದೇ ದಾರಿ ಹಿಡಿಯಬೇಕು. ಬಯಲುಸೀಮೆಯ ಅಡ್ಡಗಾಳಿ, ಘಟ್ಟದ ಮಳೆ, ಕರಾವಳಿಯ ಸೆಕೆ ಮೂರೂ ಎರಡು ದಿನದೊಳಗೆ ಸಿಗುತ್ತವೆ.

ಜುಲೈಯಲ್ಲಿ ಹೊರಟದ್ದು ರಾಯಲ್ ಎನ್‌ಫೀಲ್ಡಿನ ಎರಡು ಸೂಪರ್ ಮೀಟಿಯೋರ್ 650. ಒಂದಕ್ಕೆ ಕಳಚಿಡಬಹುದಾದ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ವಿಂಡ್‌ಶೀಲ್ಡ್. ಇನ್ನೊಂದಕ್ಕೆ ಹೆಡ್‌ಲೈಟಿನ ಎರಡೂ ಕಡೆ ರೆಕ್ಕೆ ಚಾಚಿದ ಫೈಬರ್ ಬ್ಯಾಟ್‌ವಿಂಗ್ ಫೇರಿಂಗ್, ಅದರ ಮೇಲೆ ಗಿಡ್ಡ ಗ್ಲಾಸ್. ಎರಡೂ ಫೋರ್ಕಿಗೆ (ಮುಂದಿನ ಚಕ್ರ ಹಿಡಿಯುವ ಜೋಡಿ ಕೊಳವೆಗೆ) ಕಟ್ಟಿದವು, ಅಂದರೆ ಹ್ಯಾಂಡಲ್ ತಿರುಗಿದತ್ತ ತಿರುಗುವವು. ಇದು ಮುಖ್ಯ, ಮುಂದೆ ಚಿತ್ರದುರ್ಗದಲ್ಲಿ ಇದರ ಲೆಕ್ಕ ಬರುತ್ತದೆ.

ಹೊರಡುವ ಮುಂಚಿನ ಕೆಲಸವೇ ಅರ್ಧ ಪ್ರಯಾಣ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘43 ಎಂಎಂ ಫೋರ್ಕಿನ ಕ್ಲ್ಯಾಂಪ್ ಕೊಡಿ’ ಎಂದು ಕೇಳಿ ತಂದರೆ ಈ ಬೈಕಿಗೆ ಕೂರುವುದಿಲ್ಲ. ಇದರದ್ದು ತಲೆಕೆಳಗಾದ ಫೋರ್ಕ್. 43 ಎಂಎಂ ಎನ್ನುವುದು ಕೆಳಗಿನ ಒಳಕೊಳವೆಯ ಅಳತೆ. ಕ್ಲ್ಯಾಂಪ್ ಹಿಡಿಯುವುದು ಮೇಲಿನ ಹೊರಕೊಳವೆಯನ್ನು, ಅದು ಇನ್ನೂ ದಪ್ಪ. ವರ್ನಿಯರ್ ಹಿಡಿದು ಅಳೆದೇ ಕೊಳ್ಳಬೇಕು. ಅದೇ ಮೀಟಿಯೋರ್ 350ರಲ್ಲಾದರೆ ಮಾಮೂಲಿ ಫೋರ್ಕ್, 41 ಎಂಎಂ ಕ್ಲ್ಯಾಂಪ್ ನೇರವಾಗಿ ಕೂರುತ್ತದೆ.

ಗ್ಲಾಸಿನ ಎತ್ತರಕ್ಕೆ ಒಂದೇ ನಿಯಮ: ಅದರ ಮೇಲಿಂದ ನೋಡಬೇಕು, ಅದರೊಳಗಿಂದಲ್ಲ. ಬೂಟು, ಜಾಕೆಟ್, ಹೆಲ್ಮೆಟ್ ಹಾಕಿಕೊಂಡು ದಿನಾ ಕೂರುವ ಹಾಗೆಯೇ ಕೂತು, 15 ಮೀಟರ್ ಮುಂದಿನ ನೆಲ ನೋಡಿ. ಆ ದೃಷ್ಟಿಗೆರೆಗಿಂತ 3ರಿಂದ 5 ಸೆಂ.ಮೀ. ಕೆಳಗೆ ಗ್ಲಾಸಿನ ಅಂಚು ಇರಬೇಕು. ಹೆಚ್ಚುಕಡಿಮೆ ಮೂಗಿನ ತುದಿಯ ಮಟ್ಟ. ಎತ್ತರ ಜಾಸ್ತಿಯಾದರೆ ಮಳೆಯಲ್ಲಿ ಕುರುಡು, ಕಡಿಮೆಯಾದರೆ ಗಾಳಿ ನೇರ ಹೆಲ್ಮೆಟ್ಟಿಗೆ ಗುದ್ದುತ್ತದೆ.

ಫೇರಿಂಗ್ ಕೂರಿಸಿದ ಮೇಲೆ ಇನ್ನೊಂದು ಪರೀಕ್ಷೆ ತಪ್ಪಿಸಬಾರದು. ಇಂಜಿನ್ ಐಡಲಿಂಗಿನಲ್ಲಿಟ್ಟು ಹ್ಯಾಂಡಲ್ ಎಡತುದಿಯಿಂದ ಬಲತುದಿಗೆ ತಿರುಗಿಸಿ. ಇಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದರ್ಥ. ಬ್ರೇಕ್ ಹೋಸ್ ಫೈಬರಿನ ಅಂಚಿಗೆ ಉಜ್ಜುತ್ತದೆಯೇ, ಅದನ್ನೂ ಆಗಲೇ ನೋಡಿ.

ತುಮಕೂರಿಗೆ ಮುಂಚೆ ಕ್ಯಾತ್ಸಂದ್ರದಲ್ಲಿ ಮೊದಲ ನಿಲುಗಡೆ. ತಟ್ಟೆ ಇಡ್ಲಿ ಬರುವಷ್ಟರಲ್ಲಿ ಅಲೆನ್ ಕೀ ತೆಗೆದು ಎಲ್ಲ ಬೋಲ್ಟ್ ಒಮ್ಮೆ ಮುಟ್ಟಿ ನೋಡಬೇಕು. ಹೊಸದಾಗಿ ಕಟ್ಟಿದ ಕ್ಲ್ಯಾಂಪಿನ ರಬ್ಬರು ಮೊದಲ 60-70 ಕಿ.ಮೀ.ಯಲ್ಲಿ ಒತ್ತಿಕೊಂಡು ಬೋಲ್ಟ್ ಸಡಿಲವಾಗುವುದು ಸಹಜ. ಶಿರಾದವರೆಗೆ ಎರಡೂ ಬೈಕುಗಳಲ್ಲಿ ವ್ಯತ್ಯಾಸವೇ ಇಲ್ಲ. ಎದೆಗೆ ಗಾಳಿ ಬಡಿಯದು, ಬೆನ್ನು ನೋಯದು.

ಹಿರಿಯೂರು ದಾಟಿದ ಮೇಲೆ ಆಟವೇ ಬೇರೆ. ಹೆದ್ದಾರಿ ವಾಯವ್ಯಕ್ಕೆ ಹೊರಳುತ್ತದೆ, ಮುಂಗಾರಿನ ಗಾಳಿ ಎಡಗಡೆಯಿಂದ, ತುಸು ಮುಂದಿನಿಂದ ಬೀಸುತ್ತದೆ. ಗಾಳಿಯ ದಿಕ್ಕು ತಿಳಿಯಲು ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ಸಾಕು, ಅವು ಮುಖ ಮಾಡಿ ನಿಂತ ಕಡೆಯಿಂದಲೇ ಗಾಳಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ವೇಗಮಿತಿ ಗಂಟೆಗೆ 80 ಕಿ.ಮೀ. ಎದುರುಗಾಳಿ 30 ಇದ್ದರೆ ಮೀಟರಿನಲ್ಲಿ 80 ಇದ್ದರೂ ಎದೆಗೆ ತಾಗುವುದು 110ರ ಗಾಳಿ. ಒತ್ತಡ ಏರುವುದು ವೇಗದ ವರ್ಗದಲ್ಲಿ, ಹಾಗಾಗಿ ಅದು ಸುಮಾರು 1.9 ಪಟ್ಟು. ‘ನಾನು 80 ದಾಟುವುದೇ ಇಲ್ಲ, ನನಗೇಕೆ ಗ್ಲಾಸು’ ಎನ್ನುವವರು ಈ ಐವತ್ತು ಕಿ.ಮೀ. ಒಮ್ಮೆ ಓಡಿಸಿ ನೋಡಲಿ.

ಫೋರ್ಕಿಗೆ ಕಟ್ಟಿದ್ದರ ದೋಷ ಹೊರಬೀಳುವುದೂ ಇಲ್ಲಿಯೇ. ಲಾರಿಯೊಂದನ್ನು ಓವರ್‌ಟೇಕ್ ಮಾಡುವಾಗ ಅದರ ಮರೆಯಲ್ಲಿ ಗಾಳಿ ನಿಲ್ಲುತ್ತದೆ. ಲಾರಿಯ ಮೂತಿ ದಾಟಿದ ಕ್ಷಣ ಗಾಳಿ ಎಡದಿಂದ ಒಮ್ಮೆಲೇ ಅಪ್ಪಳಿಸುತ್ತದೆ. ಆ ಏಟು ಬೀಳುವುದು ಗ್ಲಾಸಿನ ಮೇಲೆ, ಗ್ಲಾಸಿನಿಂದ ಫೋರ್ಕಿಗೆ, ಫೋರ್ಕಿನಿಂದ ಹ್ಯಾಂಡಲಿಗೆ. ಅಗಲವಾದ ಬ್ಯಾಟ್‌ವಿಂಗ್‌ನಲ್ಲಿ ಅದು ವಿಂಡ್‌ಶೀಲ್ಡಿಗಿಂತ ಜೋರು. ಹ್ಯಾಂಡಲನ್ನು ಬಿಗಿಹಿಡಿದರೆ ತೂಗಾಟ ಇನ್ನೂ ಹೆಚ್ಚುತ್ತದೆ. ಮೊಣಕೈ ಸಡಿಲ ಬಿಟ್ಟು, ಮಂಡಿಯಿಂದ ಟ್ಯಾಂಕ್ ಹಿಡಿಯಬೇಕು. ಗಾಳಿ ಇಲ್ಲದಾಗಲೂ ಹ್ಯಾಂಡಲ್ ಅಲುಗುತ್ತಿದ್ದರೆ ದೂರಬೇಕಾದದ್ದು ಫೇರಿಂಗನ್ನಲ್ಲ. ಮುಂದಿನ ಚಕ್ರ ಎತ್ತಿಸಿ ಫೋರ್ಕ್ ಹಿಂದೆಮುಂದೆ ಎಳೆದು ನೋಡಿ, ಟಕ್ ಎಂದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ.

ಬೈಕಿನ ಚೌಕಟ್ಟಾದ ಚಾಸಿಗೇ ಕೂರಿಸಿದ ಫೇರಿಂಗ್‌ನಲ್ಲಿ ಈ ತಾಪತ್ರಯವಿಲ್ಲ. ಗಾಳಿಯ ಏಟು ಇಡೀ ಬೈಕಿಗೆ ಹಂಚಿಹೋಗುತ್ತದೆ, ಹ್ಯಾಂಡಲಿಗೆ ಬರುವುದಿಲ್ಲ. ಹಾರ್ಲಿ-ಡೇವಿಡ್ಸನ್ ಬೈಕುಗಳಲ್ಲಿ ಮೂರೂ ಬಗೆ ನೋಡಬಹುದು: ಸ್ಟ್ರೀಟ್ ಗ್ಲೈಡಿನ ಬ್ಯಾಟ್‌ವಿಂಗ್ ಫೋರ್ಕಿಗೆ, ರೋಡ್ ಗ್ಲೈಡಿನ ಫೇರಿಂಗ್ ಚಾಸಿಗೆ, ರೋಡ್ ಕಿಂಗ್‌ನದ್ದು ಕಳಚಿಡುವ ವಿಂಡ್‌ಶೀಲ್ಡ್. ಚಾಸಿಗೆ ಕೂರುವ ಫೇರಿಂಗನ್ನು ಕಂಪನಿಯೇ ಕೊಟ್ಟಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಹೊರಗಡೆ ಬ್ರಾಕೆಟ್ ವೆಲ್ಡ್ ಮಾಡಿಸಿ ಕೂರಿಸುವುದು ಮಾತ್ರ ಬೇಡವೇ ಬೇಡ. ಚಾಸಿಗೆ ವೆಲ್ಡಿಂಗ್ ಕಾವು ತಾಗಿಸುವಂಥ ತಪ್ಪು ಇನ್ನೊಂದಿಲ್ಲ.

ದಾವಣಗೆರೆಯಲ್ಲಿ ಬೆಣ್ಣೆದೋಸೆ, ಬೈಕುಗಳ ಅದಲುಬದಲು. ವಿಂಡ್‌ಶೀಲ್ಡಿನ ಹಿಂದೆ ಹೆಲ್ಮೆಟ್ ಗಡಗಡ ಅಲುಗುತ್ತಿತ್ತು. ಅದಕ್ಕೆ ಕಾರಣ ಗ್ಲಾಸಿನ ಹಿಂದೆ ಹುಟ್ಟುವ ಕಡಿಮೆ ಒತ್ತಡ. ಮೇಲಿನ ಅಂಚು ದಾಟಿದ ಗಾಳಿ ಆ ಜಾಗಕ್ಕೆ ಸುಳಿಸುತ್ತಿ ಇಳಿಯುತ್ತದೆ, ದಾರಿಯಲ್ಲಿ ಹೆಲ್ಮೆಟ್ಟನ್ನು ಬಡಿಯುತ್ತದೆ. ಇದಕ್ಕೆ ಎತ್ತರದ ಗ್ಲಾಸ್ ಮದ್ದಲ್ಲ, ಕೆಳಗಿನಿಂದ ಸ್ವಲ್ಪ ಗಾಳಿ ಒಳಬಿಡುವುದು ಮದ್ದು. ಕೆಳಗಿನ ಎರಡು ಬೋಲ್ಟಿಗೆ ಒಂದೊಂದು 8 ಎಂಎಂ ರಬ್ಬರ್ ಸ್ಪೇಸರ್ ಹಾಕಿ ಹೆಡ್‌ಲೈಟಿನ ಸುತ್ತ ಸಂದು ಬಿಟ್ಟದ್ದೇ ಅಲುಗಾಟ ಅರ್ಧಕ್ಕರ್ಧ ಇಳಿಯಿತು. ಸುಳಿ ಎಲ್ಲಿದೆ ಎಂದು ಹುಡುಕಲು, ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ಹಿಂದೆ ಕೂತವರು ಅಂಗೈ ಚಾಚಿ ಸವಾರನ ಹೆಲ್ಮೆಟ್ಟಿನ ಪಕ್ಕ ನಿಧಾನಕ್ಕೆ ಮೇಲೆಕೆಳಗೆ ಮಾಡಿದರೆ ತಿಳಿಯುತ್ತದೆ.

ಹಾವೇರಿ ಕಡೆಯ ಕಪ್ಪುಮಣ್ಣಿನ ಬಯಲಿನಲ್ಲಿ ಜುಲೈಯಲ್ಲಿ ತಂಪು. ಏಪ್ರಿಲ್-ಮೇಯಲ್ಲಿ ಇದೇ ದಾರಿಯಲ್ಲಿ ಗ್ಲಾಸಿನ ಹಿಂದೆ ಕೂತವರಿಗೆ ಬೆವರು ಆರುವುದಿಲ್ಲ, ಇಂಜಿನ್ನಿನ ಕಾವೂ ಕಾಲಿನ ಬಳಿಯೇ ನಿಲ್ಲುತ್ತದೆ. ಫೇರಿಂಗಿಗೆ ಕೆಳಗಿನ ರೆಕ್ಕೆಗಳನ್ನೂ ಸೇರಿಸಿದರೆ ಆಯಿಲ್ ಕೂಲರಿಗೆ ಗಾಳಿ ಸಿಗುತ್ತದೆಯೇ ನೋಡಿಕೊಳ್ಳಬೇಕು. ವರ್ಷದಲ್ಲಿ ಹತ್ತು ತಿಂಗಳು ಊರೊಳಗೆ ಓಡಿಸಿ ಎರಡು ಸಲ ದೂರ ಹೋಗುವವರಿಗೆ ಕಳಚಿಡುವ ವಿಂಡ್‌ಶೀಲ್ಡೇ ಸರಿ ಎನ್ನಲು ಇದೊಂದೇ ಕಾರಣ ಸಾಕು.

ಹುಬ್ಬಳ್ಳಿಯಲ್ಲಿ ರಾತ್ರಿ ತಂಗಿ, ಬೆಳಗ್ಗೆ ಕಲಘಟಗಿ ದಾಟಿದ ಮೇಲೆ ಮಳೆ ಹಿಡಿಯಿತು. ಯಲ್ಲಾಪುರದಿಂದ ಮುಂದೆ ಬಿಡಲೇ ಇಲ್ಲ. ಇಲ್ಲಿ ಫೇರಿಂಗ್ ಗೆದ್ದಿತು, ಒಪ್ಪಿಕೊಳ್ಳಲೇಬೇಕು. ಬ್ಯಾಟ್‌ವಿಂಗ್‌ನ ರೆಕ್ಕೆಯ ಮರೆಯಲ್ಲಿ ಗ್ಲೌಸು ಒದ್ದೆಯಾಗಲು ಒಂದು ಗಂಟೆ ಹಿಡಿಯಿತು. ವಿಂಡ್‌ಶೀಲ್ಡಿನ ಸವಾರನ ಬೆರಳು ಹತ್ತೇ ನಿಮಿಷಕ್ಕೆ ಮರಗಟ್ಟಿತು. ಆದರೆ ಎರಡರಲ್ಲೂ ಬೆನ್ನು ನೆನೆಯುತ್ತದೆ. ಗ್ಲಾಸಿನ ಹಿಂದಿನ ಅದೇ ಕಡಿಮೆ ಒತ್ತಡ ಹಿಂಬದಿಯ ತುಂತುರನ್ನು ಒಳಕ್ಕೆಳೆಯುತ್ತದೆ. ಲಾರಿಯ ಚಕ್ರದ ಕೆಸರುನೀರಿನಿಂದ ಬೂಟನ್ನು ಎರಡೂ ಕಾಯುವುದಿಲ್ಲ.

ಅರಬೈಲ್ ಘಟ್ಟದ ತಿರುವುಗಳಲ್ಲಿ ವೇಗ 30ಕ್ಕೆ ಇಳಿಯುತ್ತದೆ. 60ರಲ್ಲಿ ಗ್ಲಾಸಿನ ಮೇಲಿನ ಹನಿ ಗಾಳಿಗೆ ಜಾರಿಹೋಗುತ್ತಿತ್ತು. 30ರಲ್ಲಿ ಅಲ್ಲೇ ಕೂರುತ್ತದೆ. ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದೊಡನೆ ಒಂದೊಂದು ಹನಿಯೂ ಒಂದೊಂದು ದೀಪ, ನಡುವೆ ರಸ್ತೆ ಕಾಣದು. ಹೆಲ್ಮೆಟ್ ವೈಸರ್ ಒಂದು ಪದರ, ಗ್ಲಾಸ್ ಇನ್ನೊಂದು ಪದರ. ಅಂಚು ಮೂಗಿನ ಮಟ್ಟಕ್ಕಿದ್ದ ಸವಾರ ತಲೆ ತುಸು ಎತ್ತಿ ಮೇಲಿಂದ ನೋಡಿದ, ಬಚಾವಾದ. ಆ 3 ಸೆಂ.ಮೀ.ಗೆ ಬೆಲೆ ಬರುವುದು ಇಂಥ ಜಾಗದಲ್ಲಿ.

ಅಂಕೋಲಾದಿಂದ ಗೋಕರ್ಣದವರೆಗೆ ಸೆಕೆ, ಉಪ್ಪುಗಾಳಿ. ವಸತಿಗೆ ತಲುಪಿದ ಕೂಡಲೇ ವಿಂಡ್‌ಶೀಲ್ಡ್ ಕಳಚಿದ್ದು ಎರಡು ನಿಮಿಷದ ಕೆಲಸ. ಒಣಬಟ್ಟೆಯಲ್ಲಿ ಒರೆಸಬಾರದು, ಹುಳುಗಳ ಚಿಪ್ಪು ಪ್ಲಾಸ್ಟಿಕ್ಕನ್ನು ಗೀಚುತ್ತದೆ. ಒದ್ದೆ ಹತ್ತಿಬಟ್ಟೆ ಹತ್ತು ನಿಮಿಷ ಹೊದಿಸಿಟ್ಟು, ಆಮೇಲೆ ಬರೀ ನೀರು, ಒಂದು ಹನಿ ಶಾಂಪೂ. ಕಿಟಕಿ ಗಾಜಿಗೆ ಬಳಸುವ ಅಮೋನಿಯಾ ದ್ರಾವಣ, ಪೆಟ್ರೋಲ್, ಬ್ರೇಕ್ ಆಯಿಲ್ ಮೂರೂ ಪಾಲಿಕಾರ್ಬೊನೇಟಿಗೆ ವಿಷ, ಕೂದಲೆಳೆ ಬಿರುಕು ಬಿಡಿಸುತ್ತವೆ. ಕ್ಲ್ಯಾಂಪಿನ ಸ್ಟೀಲ್ ಬೋಲ್ಟ್ ಅಲ್ಯುಮಿನಿಯಂ ಒಳಗೆ ಉಪ್ಪಿಗೆ ಕಚ್ಚಿಕೊಳ್ಳದಿರಲು ಚೂರು ಗ್ರೀಸ್ ಸವರಿ.

ಹೀಗೆ ತೊಳೆಯುವಾಗಲೇ ಎಡಗಡೆ ಕೆಳಗಿನ ರಂಧ್ರದಿಂದ ಹೊರಟ ಬಿರುಕು ಕಂಡದ್ದು. ಉದ್ದ 2 ಸೆಂ.ಮೀ., ಬೆಳಕಿಗೆ ಓರೆ ಹಿಡಿದರೆ ಮಾತ್ರ ಬೆಳ್ಳಿಗೆರೆಯಂತೆ ಹೊಳೆಯುತ್ತಿತ್ತು. ಆ ಒಂದು ಬೋಲ್ಟಿನಲ್ಲಿ ರಬ್ಬರ್ ವಾಷರ್ ಇರಲಿಲ್ಲ, ಬೋಲ್ಟ್ ಅಲುಗದಿರಲೆಂದು ಲಾಕಿಂಗ್ ಗಮ್ ಹಾಕಿದ್ದರು. ಆ ಗಮ್ ಕೂಡ ಪಾಲಿಕಾರ್ಬೊನೇಟನ್ನು ತಿನ್ನುತ್ತದೆ, ಅಲ್ಲಿ ಬಳಸಬೇಕಾದದ್ದು ನೈಲಾಕ್ ನಟ್ (ಒಳಗಿನ ನೈಲಾನ್ ಉಂಗುರದಿಂದ ಸಡಿಲವಾಗದ ನಟ್). ರಂಧ್ರವೂ ಬೋಲ್ಟಿಗಿಂತ 1-2 ಎಂಎಂ ದೊಡ್ಡದಿರಬೇಕು, ಬಿಸಿಲಿಗೆ ಹಿಗ್ಗಲು ಜಾಗ ಬೇಡವೇ? ಬಿರುಕಿನ ತುದಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸರಿಯಾಗಿ 3 ಎಂಎಂ ಡ್ರಿಲ್ಲಿನಿಂದ, ಒತ್ತದೆ, ನಿಧಾನಕ್ಕೆ ಒಂದು ರಂಧ್ರ ಕೊರೆದರೆ ಒತ್ತಡ ಒಂದೇ ಬಿಂದುವಿನಲ್ಲಿ ಕೂಡದೆ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಗ್ಯಾರೇಜೊಂದರಲ್ಲಿ ಐದು ನಿಮಿಷದಲ್ಲಿ ಅದು ಮುಗಿಯಿತು. ನಾಲ್ಕೂ ಬೋಲ್ಟಿಗೆ ಎರಡೂ ಬದಿ ರಬ್ಬರ್ ವಾಷರ್ ಬಿದ್ದವು, ಕೈಯಲ್ಲಿ ಬಿಗಿಯಾದ ಮೇಲೆ ಅಲೆನ್ ಕೀ ಕಾಲು ಸುತ್ತು ಮಾತ್ರ. ಅದೇ ಗ್ಲಾಸಿನಲ್ಲಿ ವಾಪಸ್ ಬೆಂಗಳೂರು, ಬಿರುಕು ಒಂದು ಎಂಎಂ ಕೂಡ ಮುಂದೆ ಹೋಗಿರಲಿಲ್ಲ. ಆಮೇಲೆ ಆ ಗ್ಲಾಸನ್ನು ಬದಲಾಯಿಸಲಾಯಿತು.