ಲ್ಯೂಡರಿಟ್ಜ್ ಪ್ರವಾಸದ ತಯಾರಿ: ದಾರಿಯೂ ದಿನವೂ ಗಟ್ಟಿಯಾದವು

ಸೆಪ್ಟೆಂಬರ್

ನಕ್ಷೆಯ ಮೇಲೆ ಈಗ ಒಂದೇ ಗೆರೆ ಉಳಿದಿದೆ. ನಮೀಬಿಯಾಕ್ಕೆ ಹೋಗುವವರು ಹೆಚ್ಚಾಗಿ ಸೊಸುಸ್‌ವ್ಲೇಯ ಕೆಂಪು ಮರಳುದಿಬ್ಬ, ಸ್ವಾಕೋಪ್‌ಮುಂಡ್, ಎಟೋಶಾ ಎಂದು ಸುತ್ತಿ ಬರುತ್ತಾರೆ. ನಾವು ಆ ಸುತ್ತನ್ನು ಪೂರ್ತಿ ಬಿಟ್ಟಿದ್ದೇವೆ. ವಿಂಡ್‌ಹೋಕ್‌ನಲ್ಲಿ ಇಳಿಯುವುದು, ಬಿ1 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ಹೋಗಿ ಕೀಟ್‌ಮನ್ಸ್‌ಹೂಪ್‌ನಲ್ಲಿ ರಾತ್ರಿ ತಂಗುವುದು, ಮರುದಿನ ಬಿ4 ಹಿಡಿದು ಪಶ್ಚಿಮಕ್ಕೆ ತಿರುಗುವುದು. ಅಲ್ಲಿಂದ 330 ಕಿ.ಮೀ. ಚಿಲ್ಲರೆ. ರಸ್ತೆ ಮುಗಿಯುವುದು ಅಟ್ಲಾಂಟಿಕ್ ಸಮುದ್ರದ ದಡದಲ್ಲಿ, ಲ್ಯೂಡರಿಟ್ಜ್ ಊರಿನಲ್ಲಿ.

ಇಡೀ ದಾರಿ ಡಾಂಬರಿನದು. ಆದ್ದರಿಂದ ಫೋರ್ ವೀಲ್ ಡ್ರೈವ್ ಬೇಡ, ಸಾಮಾನ್ಯ ಕಾರು ಸಾಕು ಎಂದು ತೀರ್ಮಾನಿಸಿದೆವು. ಬಾಡಿಗೆಯಲ್ಲಿ ದೊಡ್ಡ ಉಳಿತಾಯ. ಅಲ್ಲೂ ನಮ್ಮಂತೆ ಎಡಬದಿಯ ಸಂಚಾರ, ಭಾವನಿಗೆ ಹೊಸದಾಗಿ ಕೈ ಪಳಗಿಸಬೇಕಿಲ್ಲ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಅರ್ಜಿ ಹಾಕಿಯಾಗಿದೆ. ಆದರೆ ಕತ್ತಲಾದ ಮೇಲೆ ಗಾಡಿ ಓಡಿಸುವಂತಿಲ್ಲ. ಕುಡು ಎಂಬ ದೊಡ್ಡ ಜಿಂಕೆಗಳು ರಸ್ತೆಗೆ ಹಾರುತ್ತವೆ, ರಾತ್ರಿಯ ಅಪಘಾತಕ್ಕೆ ಎಷ್ಟೋ ಬಾಡಿಗೆ ಕಾರುಗಳ ವಿಮೆ ಸಿಗುವುದಿಲ್ಲ. ನಾವು ಹೋಗುವ ಹೊತ್ತಿಗೆ ಅಲ್ಲಿ ಚಳಿಗಾಲ. ಏಳೂವರೆ ದಾಟಿದ ಮೇಲೆ ಸೂರ್ಯ ಹುಟ್ಟಿ ಸಂಜೆ ಆರೂಕಾಲಿನ ಹೊತ್ತಿಗೆ ಮುಳುಗಿರುತ್ತಾನೆ. ಪ್ರತಿದಿನದ ಲೆಕ್ಕವನ್ನೂ ಈ ಹನ್ನೊಂದು ಗಂಟೆಗಿಂತ ಕಡಿಮೆ ಬೆಳಕಿನೊಳಗೇ ಕೂರಿಸಬೇಕು.

ಅಕ್ಟೋಬರ್

ಹವಾಮಾನ ಓದುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕಡಲತೀರ ಎಂದರೆ ಸೆಕೆ, ಮಳೆ, ತೆಂಗು ಎಂದು ಬೆಳೆದವರಿಗೆ ಈ ಊರು ನಂಬಲಾಗದ್ದು. ವರ್ಷಕ್ಕೆ ಇಪ್ಪತ್ತು ಮಿ.ಮೀ. ಆಸುಪಾಸಿನ ಮಳೆ. ಆಗುಂಬೆಯ ಆಷಾಢದಲ್ಲಿ ಒಂದು ಸಂಜೆಗೆ ಇದಕ್ಕಿಂತ ಹೆಚ್ಚು ಸುರಿಯುತ್ತದೆ. ಕಾರಣ ಬೆಂಗೆಲಾ ಪ್ರವಾಹ, ಈ ಕರಾವಳಿಯುದ್ದಕ್ಕೂ ಸಮುದ್ರದಲ್ಲಿ ಹರಿಯುವ ತಣ್ಣನೆಯ ನೀರಿನ ಸೆಳೆತ. ದಕ್ಷಿಣದ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಎದ್ದು ಬರುತ್ತದೆ. ಬೆಂಗೆಲಾದುದ್ದಕ್ಕೂ ಈ ಕ್ರಿಯೆ ಅತಿ ಜೋರಾಗಿರುವುದು ಲ್ಯೂಡರಿಟ್ಜ್ ಎದುರಿನಲ್ಲಿಯೇ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲೇರಿ ಮಳೆಮೋಡ ಕಟ್ಟುವುದಿಲ್ಲ, ಮಂಜಾಗಿ ಮರುಭೂಮಿಯ ಮೇಲೆ ಹರಡಿಕೊಳ್ಳುತ್ತದೆ. ಅದೇ ನೀರು ಆಳದಿಂದ ಪೋಷಕಾಂಶ ತರುವುದರಿಂದ ಮೀನು, ಮೀನಿನಿಂದ ಹಕ್ಕಿ, ಸೀಲ್. ನೆಲದ ಮೇಲೆ ಹುಲ್ಲುಕಡ್ಡಿ ಇಲ್ಲ, ನೀರಿನಲ್ಲಿ ಇಷ್ಟೊಂದು ಜೀವ!

ಗಾಳಿಯಂತೂ ಆ ಊರಿನ ಯಜಮಾನ. ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ನಮ್ಮ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲದಲ್ಲಿ, ಮಧ್ಯಾಹ್ನವಾಯಿತೆಂದರೆ ಬೀಸತೊಡಗುತ್ತದೆ. ವೇಗದ ದಾಖಲೆ ಮುರಿಯಬೇಕೆನ್ನುವ ವಿಂಡ್‌ಸರ್ಫರ್‌ಗಳು ಅದಕ್ಕಾಗಿಯೇ ಅಲ್ಲಿಗೆ ಹೋಗುತ್ತಾರೆ. 2015ರಲ್ಲಿ ಫ್ರಾನ್ಸಿನ ಆಂಟ್ವಾನ್ ಆಲ್ಬೋ ಅಲ್ಲಿ ತೋಡಿದ ನೇರ ಕಾಲುವೆಯಲ್ಲಿ 53.27 ನಾಟ್ ವೇಗ ಮುಟ್ಟಿದರು, ಗಂಟೆಗೆ ಸುಮಾರು 99 ಕಿ.ಮೀ. ನಮಗೆ ದಾಖಲೆ ಬೇಡ, ನೆಟ್ಟಗೆ ನಿಂತುಕೊಳ್ಳುವಂತಿದ್ದರೆ ಸಾಕು. ಮೇ ತಿಂಗಳಲ್ಲಿ ಗಾಳಿಯ ಅಬ್ಬರ ಕಡಿಮೆ, ಅಕ್ಕನ ಮಕ್ಕಳಿಗೂ ರಜೆ. ಹಾಗಾಗಿ ಮೇ.

ದೋಣಿಯ ವಿಚಾರವೂ ಗಾಳಿಯಿಂದಲೇ ತೀರ್ಮಾನವಾಯಿತು. ಬಂದರಿನಿಂದ ಹ್ಯಾಲಿಫ್ಯಾಕ್ಸ್ ದ್ವೀಪದ ಕಡೆಗೆ ಹೋಗುವ ದೋಣಿ ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಹೊರಡುತ್ತದೆ. ಆ ದ್ವೀಪದಲ್ಲಿ ಆಫ್ರಿಕನ್ ಪೆಂಗ್ವಿನ್‌ಗಳಿವೆ. ಹಿಂದೆ ಈ ಹಕ್ಕಿಗಳು ತಲೆತಲಾಂತರದಿಂದ ಶೇಖರಗೊಂಡಿದ್ದ ಹಿಕ್ಕೆಯ ಪದರದಲ್ಲೇ ಬಿಲ ತೋಡಿ ಮೊಟ್ಟೆ ಇಡುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಗೊಬ್ಬರದ ವ್ಯಾಪಾರಿಗಳು ಆ ಪದರವನ್ನು ಬಂಡೆಯ ತನಕ ಕೆರೆದು ಹಡಗಿಗೆ ತುಂಬಿದರು. ಆಮೇಲೆ, 1960ರ ದಶಕದ ಕೊನೆಯ ಹೊತ್ತಿಗೆ, ವಿಪರೀತ ಮೀನುಗಾರಿಕೆಯಿಂದ ಅಲ್ಲಿಯ ಬೂತಾಯಿ ಜಾತಿಯ ಮೀನು ಕುಸಿಯಿತು. ಮನೆಯೂ ಹೋಯಿತು, ಊಟವೂ ಹೋಯಿತು. 2024ರಲ್ಲಿ ಈ ಪೆಂಗ್ವಿನ್ ಅನ್ನು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ದೋಣಿಗೆ ಒಂದೇ ಬೆಳಿಗ್ಗೆ ಇಟ್ಟುಕೊಂಡಿದ್ದೆ. ಮಂಜು ಕವಿದರೆ ಇರಲಿ ಎಂದು ಇನ್ನೊಂದನ್ನೂ ಖಾಲಿ ಬಿಟ್ಟಿದ್ದೇನೆ.

ನವೆಂಬರ್

ಈ ತಿಂಗಳು ಯೋಜನೆಯ ಜೀವವೇ ಬೇರೆಯಾಯಿತು.

ಶುರುವಿನಲ್ಲಿ ನನ್ನ ತಲೆಯಲ್ಲಿದ್ದದ್ದು ಕೋಲ್ಮನ್ಸ್‌ಕಾಪ್. ಲ್ಯೂಡರಿಟ್ಜ್‌ನಿಂದ ಹತ್ತು ಕಿ.ಮೀ. ಆಚೆ ಇರುವ ಪಾಳು ಊರು. ಬಾಗಿಲು ತೆರೆದರೆ ಸೊಂಟದೆತ್ತರ ಮರಳು ತುಂಬಿರುವ ಕೋಣೆಗಳ ಫೋಟೋ ನೋಡದವರು ಕಡಿಮೆ. ಭಾವ ಮಾತ್ರ ಒಪ್ಪಿರಲಿಲ್ಲ. "ಮರಳು ತುಂಬಿದ ಮನೆ ನೋಡೋಕೆ ಅಷ್ಟು ದೂರ ಯಾಕಪ್ಪಾ?" ಎನ್ನುತ್ತಿದ್ದರು. ಅವರು ಹುಬ್ಬಳ್ಳಿಯಲ್ಲಿ ರೈಲ್ವೆಯ ಹಳಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. "ಹಾಗಾದ್ರೆ ಅಲ್ಲಿನ ರೈಲು ದಾರಿ ಬಗ್ಗೆ ಓದಿ ಭಾವ" ಎಂದು ಒಂದಿಷ್ಟು ಕಳಿಸಿದೆ. ಅಲ್ಲಿಂದಾಚೆಗೆ ಈ ಪ್ರವಾಸ ಭಾವನದ್ದೂ ಆಯಿತು.

ಕಥೆ ಶುರುವಾಗುವುದು ಬೆಥನಿ ಎಂಬ ಒಳನಾಡಿನ ಹಳ್ಳಿಯಲ್ಲಿ. 1883ರಲ್ಲಿ ಜರ್ಮನಿಯ ಬ್ರೆಮೆನ್‌ನ ವ್ಯಾಪಾರಿ ಅಡಾಲ್ಫ್ ಲ್ಯೂಡರಿಟ್ಜ್ ಪರವಾಗಿ ಹೈನ್‌ರಿಶ್ ಫೋಗಲ್‌ಸಾಂಗ್ ಎಂಬಾತ ಬಂದು ನಾಮಾ ಜನರ ಮುಖಂಡ ಜೋಸೆಫ್ ಫ್ರೆಡರಿಕ್ಸ್ ಅವರಿಂದ ಮೊದಲು ಕೊಲ್ಲಿಯನ್ನು, ಆಮೇಲೆ ಕರಾವಳಿಯ ಉದ್ದಕ್ಕೂ 20 ಮೈಲಿ ಅಗಲದ ಪಟ್ಟಿಯನ್ನು ಕೊಂಡ. ಫ್ರೆಡರಿಕ್ಸ್‌ಗೆ ಗೊತ್ತಿದ್ದದ್ದು ಇಂಗ್ಲಿಷ್ ಮೈಲಿ, 1.6 ಕಿ.ಮೀ. ಆದರೆ ಜರ್ಮನರು ಅದನ್ನು ತಮ್ಮ ಭೌಗೋಳಿಕ ಮೈಲಿ ಎಂದರು. ಅದು 7.4 ಕಿ.ಮೀ. ಕೊಟ್ಟದ್ದು 32 ಕಿ.ಮೀ. ಎಂದು ತಿಳಿದಿದ್ದವರ ಕೈಯಿಂದ ಸುಮಾರು 148 ಕಿ.ಮೀ. ಅಗಲದ ನೆಲ ಹೋಯಿತು. ಮರುವರ್ಷ ಅದು ಜರ್ಮನ್ ಆಳ್ವಿಕೆಗೆ ಬಂತು.

ನಂತರದ್ದು ಆ ಆಳ್ವಿಕೆಯ ವಿರುದ್ಧ ದಂಗೆ, ಯುದ್ಧ. ಕೈಸೆರೆ ಸಿಕ್ಕ ಹೆರೇರೋ ಮತ್ತು ನಾಮಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಲ್ಯೂಡರಿಟ್ಜ್ ಕೊಲ್ಲಿಯ ಶಾರ್ಕ್ ದ್ವೀಪಕ್ಕೆ ತಂದು ಹಾಕಿದರು. 1905ರಿಂದ 1907ರವರೆಗೆ ಅದು ಸೆರೆಶಿಬಿರ. ಮೈಮೇಲೆ ಸರಿಯಾದ ಬಟ್ಟೆ ಇಲ್ಲ, ಹೊಟ್ಟೆಗಿಲ್ಲ, ಮೇಲಿಂದ ಅದೇ ತಣ್ಣನೆಯ ಗಾಳಿ, ಅದೇ ಮಂಜು. ಬೆಥನಿಯ ಅದೇ ಬಣದ ನಾಯಕ ಕಾರ್ನೇಲಿಯಸ್ ಫ್ರೆಡರಿಕ್ಸ್ 1907ರ ಫೆಬ್ರವರಿಯಲ್ಲಿ ಅಲ್ಲೇ ಸತ್ತರು. ಸೆರೆಯಾಳುಗಳನ್ನು ಲ್ಯೂಡರಿಟ್ಜ್‌ನಿಂದ ಒಳನಾಡಿಗೆ ರೈಲು ಹಳಿ ಹಾಕುವ ಕೆಲಸಕ್ಕೂ ಹಚ್ಚಿದರು. 1906ರ ಜನವರಿಯಿಂದ 1907ರ ಜೂನ್ ನಡುವೆ ಆ ಕೆಲಸಕ್ಕೆ ಹೋದ 2,014 ಜನರಲ್ಲಿ 1,359 ಜನ ಸತ್ತರೆಂದು ಅಂದಿನ ಆಡಳಿತದ ದಾಖಲೆಯೇ ಹೇಳುತ್ತದೆ.

ಭಾವ ಆ ರಾತ್ರಿ ಫೋನ್ ಮಾಡಿದರು. "ಹಳಿ ಮೇಲೆ ಮರಳು ಬಂದು ಕೂರ್ತಾನೇ ಇರ್ತದೆ. ಹಾಕಿದ ಮೇಲೂ ಆ ದಾರಿ ಜನರನ್ನ ಬಿಟ್ಟಿರೋದಿಲ್ಲ ನೋಡು" ಎಂದರು. ಅವರ ಮಾತು ಅಕ್ಷರಶಃ ನಿಜ. 1908ರಲ್ಲಿ ಗ್ರಾಸ್‌ಪ್ಲಾಟ್ಸ್ ನಿಲ್ದಾಣದ ಹತ್ತಿರ ಹಳಿಯ ಮೇಲಿನ ಮರಳು ತೆಗೆಯುತ್ತಿದ್ದ ಕೆಲಸಗಾರ ಜಕರಾಯಸ್ ಲೆವಾಲಾ ಅವರ ಸಲಿಕೆಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿದಿದ್ದ ಅವರಿಗೆ ಅದು ವಜ್ರವೆಂದು ಕಂಡೊಡನೆ ಗೊತ್ತಾಯಿತು. ಮೇಲ್ವಿಚಾರಕ ಆಗಸ್ಟ್ ಸ್ಟೌಖ್‌ಗೆ ಕೊಟ್ಟರು. ಸ್ಟೌಖ್ ಶ್ರೀಮಂತನಾದ, ಲೆವಾಲಾಗೆ ಬಹುಮಾನವೆಂದು ಏನೂ ಬರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಮರಳಿನಿಂದ ಹೊರಬಂದ ವಜ್ರ ಸುಮಾರು ಸಾವಿರ ಕಿಲೋ.

ಕೋಲ್ಮನ್ಸ್‌ಕಾಪ್ ಕಟ್ಟಿದ್ದು ಆ ಹಣದಿಂದ. ಆಸ್ಪತ್ರೆ, ಮಂಜುಗಡ್ಡೆ ಕಾರ್ಖಾನೆ, ನಾಟಕಶಾಲೆ, ಬೌಲಿಂಗ್ ಆಟದ ಅಂಕಣ, ಎಲ್ಲವೂ ಇದ್ದವು. ಆಸ್ಪತ್ರೆಯ ಎಕ್ಸ್-ರೇ ಯಂತ್ರದಿಂದ ಕೂಲಿಗಳು ವಜ್ರ ನುಂಗಿದ್ದಾರೆಯೇ ಎಂದೂ ನೋಡುತ್ತಿದ್ದರು. ದಕ್ಷಿಣದ ಆರೆಂಜ್ ನದಿಯ ಬಾಯಲ್ಲಿ ಇನ್ನೂ ದೊಡ್ಡ ನಿಕ್ಷೇಪ ಸಿಕ್ಕ ಮೇಲೆ ಜನ ಅತ್ತ ಹೊರಟರು, 1956ರ ವೇಳೆಗೆ ಊರು ಖಾಲಿ. ಪ್ರಸಿದ್ಧ ಫೋಟೋಗಳಲ್ಲಿ ಕಾಣುವುದು ವ್ಯವಸ್ಥಾಪಕರ, ಎಂಜಿನಿಯರರ ಮನೆಗಳು. ಒವಾಂಬೊ ನಾಡಿನಿಂದ ಒಪ್ಪಂದದ ಮೇಲೆ ಬಂದ ನೂರಾರು ಕೂಲಿಗಳು ಎಲ್ಲಿ ಮಲಗುತ್ತಿದ್ದರು ಎಂದು ತೋರಿಸುವ ಚಿತ್ರ ಹುಡುಕಿದರೆ ತೀರಾ ಅಪರೂಪ. ಮಾರ್ಗದರ್ಶಕರನ್ನು ನಾನು ಮೊದಲು ಕೇಳಲಿರುವುದು ಅದನ್ನೇ. ಬೆಳಗಿನ ಹೊತ್ತು ಅಲ್ಲಿ ಮಾರ್ಗದರ್ಶಕರೊಂದಿಗೆ ಸುತ್ತಾಟ ಇರುತ್ತದೆ. ಸೂರ್ಯೋದಯದ ಬೆಳಕು ಬೇಕೆನ್ನುವ ಛಾಯಾಗ್ರಾಹಕರಿಗೆ ಬೇರೆ ಪರವಾನಗಿ. ನಾನು ಎರಡನ್ನೂ ತೆಗೆದುಕೊಳ್ಳುತ್ತೇನೆ.

ಡಿಸೆಂಬರ್

ದಾರಿಯನ್ನು ಈ ಚರಿತ್ರೆಯ ಕ್ರಮದಲ್ಲೇ ಜೋಡಿಸಿದ್ದೇವೆ. ಬಿ4ರಿಂದ ಉತ್ತರಕ್ಕೆ ತಿರುಗಿ ಬೆಥನಿಯಲ್ಲಿ ಜೋಸೆಫ್ ಫ್ರೆಡರಿಕ್ಸ್ ಅವರ ಮನೆ ನೋಡುವುದು. ಅದನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ, ಇದನ್ನು ಪಟ್ಟಿಗೆ ಸೇರಿಸಿದವರು ಭಾವನೇ. ಆ ರಾತ್ರಿ ಔಸ್‌ನಲ್ಲಿ. ಮರುದಿನ ಗಾರುಬ್‌ನ ನೀರುತೊಟ್ಟಿಯ ಹತ್ತಿರ ಕಾಡುಕುದುರೆಗಳು, ಅದು ಮಕ್ಕಳ ಬೇಡಿಕೆ. ಅಲ್ಲಿಂದ ಹಳಿಯ ಪಕ್ಕದಲ್ಲೇ ಗ್ರಾಸ್‌ಪ್ಲಾಟ್ಸ್ ದಾಟಿ ಸಮುದ್ರಕ್ಕೆ. ಕೊನೆಯ ಭಾಗದಲ್ಲಿ ಮರಳು ರಸ್ತೆ ದಾಟುತ್ತಿರುತ್ತದೆ, ನಿಧಾನ ಹೋಗಬೇಕು.

ವಸತಿಯ ವಿಷಯದಲ್ಲಿ ಒಂದು ನಿರ್ಧಾರ ಮಾಡಿದ್ದೇವೆ. ಶಾರ್ಕ್ ದ್ವೀಪ ಈಗ ಒಡ್ಡಿನ ಮೂಲಕ ಊರಿಗೆ ಸೇರಿಕೊಂಡಿದೆ, ಅಲ್ಲಿ ಪ್ರವಾಸಿಗರು ಡೇರೆ ಹಾಕುವ ಜಾಗವಿದೆ. ಸಮುದ್ರದ ನೋಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ಹೋಗಿಬಂದವರು ಬರೆಯುತ್ತಾರೆ. ನಾವು ಅಲ್ಲಿ ಉಳಿಯುವುದಿಲ್ಲ. ಸಾವಿರಾರು ಜನ ಹಸಿವು, ಚಳಿಯಲ್ಲಿ ಸತ್ತ ನೆಲದ ಮೇಲೆ ಒಲೆ ಹಚ್ಚಿ ಅಡುಗೆ ಮಾಡಲು ನನಗೆ ಮನಸ್ಸು ಬಾರದು. ಊರೊಳಗೆ ಅಡುಗೆಮನೆ ಇರುವ ಎರಡು ಕೋಣೆಯ ಮನೆ ಸಿಕ್ಕಿದೆ. ದ್ವೀಪಕ್ಕೆ ನಡೆದುಕೊಂಡು ಹೋಗಿ ಬರುತ್ತೇವೆ.

ದಿನವೂ ಗಟ್ಟಿಯಾಯಿತು. 1907ರ ಮೇ 28ರಂದು ಸೆರೆಶಿಬಿರಗಳನ್ನು ಮುಚ್ಚುವ ಆಜ್ಞೆ ಹೊರಟಿತು. ಆ ದಿನವನ್ನೇ ನಮೀಬಿಯಾ 2025ರಿಂದ ನರಮೇಧ ಸ್ಮರಣೆಯ ದಿನವಾಗಿ ಆಚರಿಸುತ್ತಿದೆ, ದೇಶಕ್ಕೆಲ್ಲ ರಜೆ. ಅಂದು ನಾವು ಲ್ಯೂಡರಿಟ್ಜ್‌ನಲ್ಲಿರುತ್ತೇವೆ. ಅಂಗಡಿಗಳು ಮುಚ್ಚಿರಬಹುದು, ಹಿಂದಿನ ದಿನವೇ ಸಾಮಾನು ತಂದಿಡಬೇಕು. ಕೋಲ್ಮನ್ಸ್‌ಕಾಪ್ ಅದರ ಮರುದಿನಕ್ಕೆ.

ಇನ್ನುಳಿದದ್ದು ಚಿಲ್ಲರೆ ಕೆಲಸ. ಅಡಿಸ್ ಅಬಾಬಾ ಮೂಲಕ ಹೋಗುವ ವಿಮಾನ ಅಗ್ಗ, ಆದರೆ ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಮರಳಿ ಭಾರತಕ್ಕೆ ಬರುವಾಗ ತಕರಾರು ಬೇಡವೆಂದು ಎಲ್ಲರೂ ಲಸಿಕೆ ಹಾಕಿಸಿಕೊಳ್ಳುತ್ತಿದ್ದೇವೆ. ಹಾಕಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ನಮೀಬಿಯಾ ಡಾಲರ್‌ಗೂ ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೂ ಒಂದೇ ಬೆಲೆ, ರ‍್ಯಾಂಡ್ ಅಲ್ಲಿ ನಡೆಯುತ್ತದೆ, ಹಾಗಾಗಿ ರ‍್ಯಾಂಡ್ ಒಯ್ಯುತ್ತೇವೆ. ಬೋಗನ್‌ಫೆಲ್ಸ್ ಎಂಬ ಕಡಲ ಕಲ್ಲುಕಮಾನು ವಜ್ರದ ನಿಷೇಧಿತ ಪ್ರದೇಶದೊಳಗಿದೆ. ಅದಕ್ಕೆ ಪಾಸ್‌ಪೋರ್ಟ್ ಪ್ರತಿಗಳನ್ನು ಮುಂಚಿತವಾಗಿ ಕಳಿಸಿ ಪರವಾನಗಿ ಪಡೆಯಬೇಕು. ಅಕ್ಕನ ಹೊಸ ಪಾಸ್‌ಪೋರ್ಟ್ ಇನ್ನೂ ಕೈಗೆ ಬಂದಿಲ್ಲ. ಬಂದ ದಿನವೇ ಎಲ್ಲರದ್ದನ್ನೂ ಒಟ್ಟಿಗೆ ಕಳಿಸುತ್ತೇನೆ.